ಜಾರುವ ಸ್ವರದ ಜಾಡು: ಸ್ಟೀಲ್ ಗಿಟಾರ್ ಚರಿತ್ರೆಯನ್ನು ಕಾಪಾಡುವ ಬಗೆ

ಹಳೆಯ ವೀಣೆಯೊಂದು ಕೈಗೆ ಸಿಕ್ಕರೆ ಯಾವ ಸ್ವರ ಎಲ್ಲಿದೆ ಎಂಬುದನ್ನು ಅದರ ಮೆಟ್ಟಿಲುಗಳೇ ಹೇಳುತ್ತವೆ. ಸ್ಟೀಲ್ ಗಿಟಾರ್ ಹಾಗಲ್ಲ. ಅದನ್ನು ತೊಡೆಯ ಮೇಲೆ ಅಡ್ಡ ಮಲಗಿಸಿ, ಎಡಗೈಯಲ್ಲಿ ಉಕ್ಕಿನ ತುಂಡೊಂದನ್ನು ಹಿಡಿದು ತಂತಿಗಳ ಮೇಲೆ ಜಾರಿಸುತ್ತಾ ಬಲಗೈಯಿಂದ ಮೀಟುತ್ತಾರೆ. ತಂತಿಗಳು ಎತ್ತರದಲ್ಲಿರುವುದರಿಂದ ಮೆಟ್ಟಿಲಿಗೆ ತಾಗುವುದೇ ಇಲ್ಲ. ಕೆಳಗಿನ ಗೆರೆಗಳು ಕಣ್ಣಿಗೆ ಗುರುತು ಅಷ್ಟೆ. ನಮ್ಮ ಗೋಟುವಾದ್ಯವೂ ಉತ್ತರದ ವಿಚಿತ್ರ ವೀಣೆಯೂ ನುಡಿಯುವುದು ಹೀಗೆಯೇ. ಉಕ್ಕು ನಿಂತಲ್ಲಿ ಸ್ವರ ಹುಟ್ಟುತ್ತದೆ, ಉಕ್ಕು ಎತ್ತಿದರೆ ಅದರ ಗುರುತೂ ಅಳಿಯುತ್ತದೆ. ಆದ್ದರಿಂದ ಈ ವಾದ್ಯವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಮರವೂ ಲೋಹವೂ ಉಳಿದಾವು, ಚರಿತ್ರೆ ಉಳಿಯದು. ವಾದ್ಯದ ಜೊತೆಗೆ ಅದರ ಶ್ರುತಿ, ಧ್ವನಿಮುದ್ರಣ, ನುಡಿಸಿದವರ ನೆನಪು ಇಷ್ಟನ್ನೂ ಒಟ್ಟಿಗೆ ಕಾಯಬೇಕು.

ಮೊದಲಿಗರು ಯಾರು?

ಹವಾಯಿಯ ಜನ ಇದನ್ನು 'ಕಿಕಾ ಕಿಲಾ' ಎನ್ನುತ್ತಾರೆ. ಓಆಹು ದ್ವೀಪದ ಲಾಯಿಯೆ ಊರಿನಲ್ಲಿ 1874ರಲ್ಲಿ ಹುಟ್ಟಿದ ಜೋಸೆಫ್ ಕೆಕುಕು ಇದರ ಜನಕ ಎಂಬುದು ಹೆಚ್ಚಿನವರು ಒಪ್ಪುವ ಮಾತು. ಕಮೇಹಮೇಹಾ ಶಾಲೆಯಲ್ಲಿ ಓದುವಾಗಲೇ ಆತ ಈ ಕೈಚಳಕವನ್ನು ಪಳಗಿಸಿಕೊಂಡ. 1904ರಲ್ಲಿ ದ್ವೀಪ ಬಿಟ್ಟು ಅಮೆರಿಕ, ಯುರೋಪು ಸುತ್ತಿ, ಕಲಿಸಿ, 1932ರಲ್ಲಿ ನ್ಯೂಜೆರ್ಸಿಯಲ್ಲಿ ತೀರಿಕೊಂಡ.

ಜೇಮ್ಸ್ ಹೋವಾ, ಗೇಬ್ರಿಯಲ್ ಡೇವಿಯನ್ ಎಂಬ ಇನ್ನೆರಡು ಹೆಸರುಗಳೂ ಹಳೆಯ ಹೇಳಿಕೆಗಳಲ್ಲಿ ಬರುತ್ತವೆ. ಡೇವಿಯನ್ ಭಾರತದಲ್ಲಿ ಹುಟ್ಟಿದವನು, ಹಡಗಿನ ಕಪ್ತಾನನೊಬ್ಬ ಅಪಹರಿಸಿದ್ದರಿಂದ ಹವಾಯಿ ಸೇರಿದವನು ಎಂದು ಆ ಹೇಳಿಕೆಗಳಲ್ಲಿದೆ. ಚರಿತ್ರೆ ಕಾಯುವವರ ಮೊದಲ ಪಾಠ ಇಲ್ಲಿದೆ. ಒಬ್ಬರನ್ನು ಗೆಲ್ಲಿಸಿ ಉಳಿದವರನ್ನು ಅಳಿಸಬಾರದು. ಯಾರು ಹೇಳಿದರು, ಯಾವಾಗ ಹೇಳಿದರು, ಕಣ್ಣಾರೆ ಕಂಡಿದ್ದರೋ ಕೇಳಿ ತಿಳಿದಿದ್ದರೋ ಎಂಬ ವಿವರ ಸೇರಿಸಿ ಎಲ್ಲ ಮಾತನ್ನೂ ಬರೆದಿಡಬೇಕು.

ಹಳೆಯ ವಾದ್ಯ ಕೈಗೆ ಬಂದಾಗ

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1915ರಲ್ಲಿ ನಡೆದ ದೊಡ್ಡ ವಸ್ತುಪ್ರದರ್ಶನದ ಬಳಿಕ ಹವಾಯಿ ಸಂಗೀತದ ಹುಚ್ಚು ಅಮೆರಿಕವನ್ನು ಆವರಿಸಿತು. ಸಭಾಂಗಣಗಳು ದೊಡ್ಡದಾದಂತೆ ಸದ್ದು ಸಾಲದಾಯಿತು. ಅಲ್ಯೂಮಿನಿಯಂ ತಟ್ಟೆಯ ಕಂಪನದಿಂದ ಸದ್ದು ಹೆಚ್ಚಿಸುವ ನ್ಯಾಷನಲ್ ಗಿಟಾರ್ 1927ರಲ್ಲೂ ಡೋಬ್ರೋ 1928ರಲ್ಲೂ ಬಂದವು. 1932ರಲ್ಲಿ ಜಾರ್ಜ್ ಬೋಶಾಂ ಮತ್ತು ಅಡಾಲ್ಫ್ ರಿಕನ್‌ಬಾಕರ್ ಅವರ, ಬಾಣಲೆಯಾಕಾರದ 'ಫ್ರೈಯಿಂಗ್ ಪ್ಯಾನ್' ಮಾರುಕಟ್ಟೆಗೆ ಬಂತು. ವ್ಯಾಪಾರದಲ್ಲಿ ಗೆದ್ದ ಮೊದಲ ವಿದ್ಯುತ್ ಗಿಟಾರ್ ತೊಡೆಯ ಮೇಲೆ ಮಲಗಿಸಿ ನುಡಿಸುವ ಈ ಸ್ಟೀಲ್ ಗಿಟಾರೇ.

ಹಳೆಯ ಗಿಟಾರೊಂದು ಅಟ್ಟದ ಮೇಲೆ ಸಿಕ್ಕರೆ ಉಜ್ಜಿ ಹೊಳಪು ಕೊಡುವ ಆತುರ ಬೇಡ. ಮೊದಲು ಪೆಟ್ಟಿಗೆಯ ಮೂಲೆ ಮೂಲೆ ನೋಡಿ. ಬೆರಳುದ್ದದ ತುಕ್ಕು ಹಿಡಿದ ಲೋಹದ ತುಂಡು ಸಿಕ್ಕೀತು; ಸಾದಾ ಗಿಟಾರಿನ ಕತ್ತಿನ ತುದಿಗೆ ಸಿಕ್ಕಿಸಿ ತಂತಿ ಎತ್ತರಿಸುವ ಕುದುರೆ ಅದು. ಗುಜರಿ ಎಂದು ಎಸೆದರೆ, ಆ ಗಿಟಾರನ್ನು ಮಲಗಿಸಿ ನುಡಿಸುತ್ತಿದ್ದರು ಎಂಬುದಕ್ಕೆ ಸಾಕ್ಷಿಯೇ ಹೋದಂತೆ. ಉಕ್ಕಿನ ತುಂಡು, ಬೆರಳಿಗೆ ತೊಡುವ ನಖಿಗಳು, ಕೈಬರಹದ ಚೀಟಿಗಳನ್ನೂ ಜತನ ಮಾಡಿ.

ಎರಡನೆಯದಾಗಿ, ಹಳೆಯ ತಂತಿಗಳನ್ನು ಕಳಚುವ ಮುನ್ನ ಒಂದೊಂದರ ದಪ್ಪವನ್ನೂ ಮೈಕ್ರೋಮೀಟರಿನಲ್ಲಿ ಅಳೆದು ಬರೆದುಕೊಳ್ಳಿ. ದಪ್ಪ ತಂತಿ ತಗ್ಗಿನ ಸ್ವರಕ್ಕೆ, ತೆಳು ತಂತಿ ಮೇಲಿನ ಸ್ವರಕ್ಕೆ. ಹೀಗಾಗಿ ಆ ಆರು ಅಳತೆಗಳೇ ವಾದಕರು ಯಾವ ಶ್ರುತಿ ಕೂಡಿಸುತ್ತಿದ್ದರು ಎಂಬುದರ ಸುಳಿವು.

ಗ್ರಾಮಫೋನ್ ಪ್ಲೇಟಿನಿಂದ ಶ್ರುತಿ ಹೆಕ್ಕುವುದು

ಶ್ರುತಿಗೆ ಇಷ್ಟು ಮಹತ್ವ ಏಕೆ? ಉಕ್ಕು ನೆಟ್ಟಗಿರುತ್ತದೆ, ಎಲ್ಲ ತಂತಿಗಳನ್ನೂ ಒಂದೇ ಗೆರೆಯಲ್ಲಿ ಮುಟ್ಟುತ್ತದೆ. ತಂತಿಗಳನ್ನು ಕೂಡಿಸಿದ ಕ್ರಮದಲ್ಲಿ ಇಲ್ಲದ ಸ್ವರಮೇಳ ಅಲ್ಲಿ ಸುಲಭವಾಗಿ ಹುಟ್ಟದು. ಆರಂಭದ 'ಎ ಮೇಜರ್' ಶ್ರುತಿಯನ್ನು ನಮ್ಮ ಸ್ವರಗಳಲ್ಲಿ ಹೇಳುವುದಾದರೆ ಕೆಳಗಿನಿಂದ ಮೇಲಕ್ಕೆ ಪ, ಸ, ಪ, ಸ, ಗ, ಪ. ಮುಂದೆ ಬಂದ 'ಸಿ ಸಿಕ್ಸ್ತ್' ಶ್ರುತಿ ಸ, ಗ, ಪ, ದ, ಸ, ಗ. ಒಂದು ಧೈವತ ಸೇರಿತು, ಇಡೀ ವಾದ್ಯದ ಮಾತೇ ಬದಲಾಯಿತು. ತಮ್ಮ ಶ್ರುತಿಯನ್ನು ಗುಟ್ಟಾಗಿ ಇಟ್ಟುಕೊಂಡ ವಾದಕರೂ ಇದ್ದರು. ಅವರ ಗುಟ್ಟು ಇಂದು ಉಳಿದಿರುವುದು ಪ್ಲೇಟುಗಳ ಗೀರಿನಲ್ಲಿ. ನಾಲ್ಕೈದು ತಂತಿ ಒಟ್ಟಿಗೆ ಜಾರುವಾಗ ಧೈವತ ತುಂಬಿ ಕೇಳಿಸಿದರೆ ಅದು ಹಳೆಯ ಶ್ರುತಿಯಲ್ಲ ಎಂದು ಊಹಿಸಬಹುದು. ಉಕ್ಕನ್ನು ಓರೆ ಹಿಡಿದು ಎರಡು ಮೂರು ತಂತಿಗಳಲ್ಲಿ ಬೇರೆ ಮೇಳ ಹೊರಡಿಸುವುದೂ ಉಂಟು. ಅದನ್ನು ಮರೆಯದೆ ಕೇಳಬೇಕು.

78 ವೇಗದ ಪ್ಲೇಟುಗಳನ್ನು ಹಿಡಿದಿಡುವ ಅಂಟು ಅರಗು. ಚನ್ನಪಟ್ಟಣದ ಗೊಂಬೆಗಳಿಗೆ ಮೆರುಗು ಕೊಡುವ ಅದೇ ಅರಗು. ಜಗತ್ತಿನ ಪ್ಲೇಟು ಕಾರ್ಖಾನೆಗಳಿಗೆ ಅದು ಬಹುಪಾಲು ಭಾರತದಿಂದಲೇ ಹೋಗುತ್ತಿತ್ತು. ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ, ಆದ್ದರಿಂದ ಈ ಪ್ಲೇಟುಗಳನ್ನು ಸ್ಪಿರಿಟ್ ಹಾಕಿ ಒರೆಸಲೇಬಾರದು. ಲೇಬಲ್ ನೆನೆಯದಂತೆ ಶುದ್ಧೀಕರಿಸಿದ ನೀರಿನಿಂದ ತೊಳೆದು, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ ಇಡಬೇಕು. ಒಂದರ ಮೇಲೊಂದು ಪೇರಿಸಿದರೆ ಅಡಿಯದು ಸೀಳುತ್ತದೆ.

ಡಿಜಿಟಲ್ ಪ್ರತಿ ಮಾಡುವಾಗ ಎಲ್‌ಪಿ ಮುಳ್ಳು ಬೇಡ. ಈ ಗೀರುಗಳು ಅಗಲವಾದ್ದರಿಂದ ಸುಮಾರು 3 ಸಾವಿರಾಂಶ ಇಂಚಿನ ಮುಳ್ಳು ಬೇಕು. ಹಳೆಯ ಪ್ಲೇಟುಗಳ ವೇಗ ಯಾವಾಗಲೂ ಕರಾರುವಾಕ್ಕಾಗಿ 78 ಇರುತ್ತಿರಲಿಲ್ಲ. ಶೇಕಡಾ 6ರಷ್ಟು ಏರುಪೇರಾದರೆ ಸ್ವರ ಒಂದು ಸ್ಥಾನ ಆಚೀಚೆ ಸರಿಯುತ್ತದೆ, ಆಗ ಶ್ರುತಿಯ ಲೆಕ್ಕಾಚಾರವೂ ತಪ್ಪುತ್ತದೆ. 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ಮುದ್ರಿಸಿ, ಗರಗರ ಸದ್ದನ್ನು ತೆಗೆಯದ ಮೂಲ ಪ್ರತಿಯನ್ನು ಬೇರೆಯಾಗಿ ಇಡಿ. ಲೇಬಲ್ಲಿನ ಫೋಟೋ, ಗೀರು ಮುಗಿಯುವಲ್ಲಿ ಕೊರೆದ ಸಂಖ್ಯೆ ಎರಡೂ ಅದರ ಜೊತೆಗಿರಲಿ.

ಬದುಕಿರುವವರ ಕೈಯನ್ನು ದಾಖಲಿಸುವುದು

1954ರಲ್ಲಿ ವೆಬ್ ಪಿಯರ್ಸ್ ಅವರ 'ಸ್ಲೋಲಿ' ಹಾಡಿನಲ್ಲಿ ಪೆಡಲ್ ಜೋಡಿಸಿದ ಸ್ಟೀಲ್ ಗಿಟಾರ್ ನುಡಿಸಿದ ಬಡ್ ಐಸಾಕ್ಸ್, ಸ್ವರ ನುಡಿಯುತ್ತಿರುವಾಗಲೇ ಪೆಡಲ್ ಒತ್ತಿ ಅದನ್ನು ಮೇಲಕ್ಕೆಳೆದರು. ಅಂದಿನಿಂದ ಕಾಲು ಕೂಡ ಗಮಕ ಮಾಡತೊಡಗಿತು. ಆದ್ದರಿಂದ ಪೆಡಲ್ ಸ್ಟೀಲ್ ವಾದಕರನ್ನು ಚಿತ್ರೀಕರಿಸುವಾಗ ಮುಖಕ್ಕಿಂತ ಕೈಕಾಲು ಮುಖ್ಯ: ಒಂದು ಕ್ಯಾಮೆರಾ ಮೇಲಿನಿಂದ ಎರಡೂ ಕೈಗಳತ್ತ, ಇನ್ನೊಂದು ಪಾದ ಮತ್ತು ಮೊಣಕಾಲಿನತ್ತ. ಯಾವ ಪೆಡಲ್ ಯಾವ ತಂತಿಯನ್ನು ಎಷ್ಟು ಏರಿಸುತ್ತದೆ, ಇಳಿಸುತ್ತದೆ ಎಂಬ ಕೋಷ್ಟಕವನ್ನು ಅವರಿಂದಲೇ ಬರೆಸಿಕೊಳ್ಳಬೇಕು.

ಹೊತ್ತಿಗೆ ಸರಿಯಾಗಿ ಹೋದರೆ ಏನು ದಕ್ಕುತ್ತದೆ ಎಂಬುದಕ್ಕೆ ಎರಡು ನಿದರ್ಶನಗಳಿವೆ. ಅಮೆರಿಕದ ಕಪ್ಪು ಜನರ 'ಹೌಸ್ ಆಫ್ ಗಾಡ್' ಚರ್ಚುಗಳಲ್ಲಿ 1930ರ ದಶಕದಿಂದಲೂ ಪ್ರಾರ್ಥನೆಗೆ ಸ್ಟೀಲ್ ಗಿಟಾರ್ ನುಡಿಯುತ್ತಿತ್ತು. ಹೊರಗಿನವರಿಗೆ ಗೊತ್ತೇ ಇರಲಿಲ್ಲ. ಫ್ಲಾರಿಡಾದ ಜಾನಪದ ಸಂಶೋಧಕ ರಾಬರ್ಟ್ ಸ್ಟೋನ್ ಅಲ್ಲಿಗೇ ಹೋಗಿ ಮುದ್ರಿಸಿದ್ದನ್ನು ಆರ್‌ಹೂಲಿ ಕಂಪನಿ 1997ರಲ್ಲಿ 'ಸೇಕ್ರೆಡ್ ಸ್ಟೀಲ್' ಹೆಸರಿನಲ್ಲಿ ಹೊರತಂದಿತು. ಇನ್ನೊಂದು, ಸ್ಟೀಲ್ ಗಿಟಾರ್ ವಾದಕ ಟಾವು ಮೋ ಮತ್ತು ಅವರ ಪತ್ನಿ ರೋಸ್ ಅವರ ಕಥೆ. 1929ರಲ್ಲಿ ಮುದ್ರಣವಾದ ಅವರ ಹಾಡುಗಳನ್ನು ಗಿಟಾರ್ ವಾದಕ ಬಾಬ್ ಬ್ರೋಜ್ಮನ್ ಆ ಕುಟುಂಬದ ಜೊತೆ ಕೂತು ಮತ್ತೆ ಮುದ್ರಿಸಿ 1989ರಲ್ಲಿ ಬಿಡುಗಡೆ ಮಾಡಿದರು. ಆರು ದಶಕದ ನಂತರ ರೋಸ್ ಮೋ ಅದೇ ಹಾಡುಗಳನ್ನು ಹಾಡಿದರು.

ಇದೇ ಟಾವು ಮೋ ಎರಡನೆಯ ಮಹಾಯುದ್ಧದ ದಿನಗಳಲ್ಲಿ ಕಲ್ಕತ್ತೆಯಲ್ಲಿದ್ದರು. ಅಲ್ಲಿ ಟಾವು ಮೋ ಅವರಿಂದ ಕಲಿತವರು ಗಾರ್ನಿ ನಿಸ್. ಮುಂದೆ ಬ್ರಿಜ್ ಭೂಷಣ್ ಕಾಬ್ರಾ ಈ ಗಿಟಾರಿನಲ್ಲಿ ರಾಗ ವಿಸ್ತರಿಸಿದರು. ಗಿಟಾರನ್ನೇ ಮಾರ್ಪಡಿಸಿ ಮೋಹನ ವೀಣೆ ಕಟ್ಟಿದ ವಿಶ್ವಮೋಹನ್ ಭಟ್ಟರಿಗೆ 1994ರಲ್ಲಿ ಗ್ರ್ಯಾಮಿ ಬಂತು. ಬೆಂಗಳೂರಿನಲ್ಲಿ ಪ್ರಕಾಶ್ ಸೊಂಟಕ್ಕೆ ಅವರು ಇದನ್ನು ನುಡಿಸುತ್ತಿದ್ದಾರೆ. 'ಹವಾಯಿಯನ್ ಗಿಟಾರ್' ಎಂದು ಕರೆದು ಇದನ್ನು ಕಲಿತ ಹಿರಿಯರು ನಮ್ಮ ಊರುಗಳಲ್ಲೂ ಇದ್ದಾರು.

ಅಂಥವರ ಮನೆಗೆ ಹೋದರೆ ಮೊಬೈಲ್ ರೆಕಾರ್ಡಿಂಗ್ ಶುರು ಮಾಡಿ, ದಿನಾಂಕ ಹೇಳಿ, ಅವರ ಹೆಸರನ್ನೂ ಕಲಿಸಿದ ಗುರುಗಳ ಹೆಸರನ್ನೂ ಅವರ ಬಾಯಲ್ಲೇ ಹೇಳಿಸಿ. ಆಮೇಲೆ ಹಾಡು ಕೇಳುವ ಮೊದಲು, ಉಕ್ಕು ಮುಟ್ಟಿಸದೆ ಆರೂ ತಂತಿಗಳನ್ನು ಒಂದೊಂದಾಗಿ ಮೀಟುವಂತೆ ಕೇಳಿಕೊಳ್ಳಿ. ಎರಡು ನಿಮಿಷದ ಕೆಲಸ. ನಾಳೆ ಆ ಗಿಟಾರ್ ಯಾರ ಕೈಗೆ ಹೋದರೂ ಅದನ್ನು ಮತ್ತೆ ಅವರಂತೆಯೇ ಕೂಡಿಸಲು ಆ ಆರು ಸದ್ದು ಸಾಕು.