ಕೋಯಿ ಮೀನಿನ ವಹಿವಾಟು: ವೈರಾಣು ರೋಗ ಮತ್ತು ಮೊದಲ ಮೂವತ್ತು ದಿನ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ತಂಬಾಕು ಬೆಳೆಗಾರರಿಗೆ ವೈರಾಣುವಿನ ಸ್ವಭಾವವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬೀಡಿ ಸೇದಿದ ಕೈಯಿಂದ ಸಸಿ ಮುಟ್ಟಬಾರದು, ಸೋಪಿನಿಂದ ಕೈ ತೊಳೆದ ನಂತರವೇ ಸಸಿಮಡಿಗೆ ಇಳಿಯಬೇಕು, ಎಲೆಯ ಮೇಲೆ ಹಸಿರು-ಹಳದಿ ಮಚ್ಚೆ ಕಂಡ ಗಿಡವನ್ನು ಕಿತ್ತು ನಾಶಪಡಿಸಬೇಕು ಎಂಬುದು ಈ ಭಾಗದಲ್ಲಿ ತಲೆಮಾರಿನಿಂದ ನಡೆದುಬಂದ ಪಾಠ. ಮೊಸಾಯಿಕ್ ರೋಗ ತಗುಲಿದ ಗಿಡವನ್ನು ಗುಣಪಡಿಸುವ ಔಷಧಿಯೇ ಇಲ್ಲದಿರುವುದು ಇದಕ್ಕೆ ಕಾರಣ. ವಿಜ್ಞಾನಕ್ಕೆ ಪರಿಚಯವಾದ ಮೊದಲ ವೈರಾಣುವೂ ತಂಬಾಕಿನದೇ. 1892ರಲ್ಲಿ ರಷ್ಯಾದ ಇವನೋವ್‌ಸ್ಕಿ, 1898ರಲ್ಲಿ ಹಾಲೆಂಡಿನ ಬೈಯರಿಂಕ್ ಅದರ ಸುಳಿವನ್ನು ಹಿಡಿದರು.

ಇದೇ ಪಾಠವನ್ನು ಇನ್ನೊಂದು ಸರಕಿಗೆ ಅನ್ವಯಿಸಬೇಕಾದ ಕಾಲ ಬಂದಿದೆ. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯು ಅಲಂಕಾರಿಕ ಮೀನು ಸಾಕಣೆಯನ್ನು ಪ್ರತ್ಯೇಕ ಉದ್ದಿಮೆಯೆಂದು ಗುರುತಿಸಿತು. ಹಿತ್ತಿಲ ಘಟಕಕ್ಕೆ 3 ಲಕ್ಷ ರೂ., ಮಧ್ಯಮ ಘಟಕಕ್ಕೆ 8 ಲಕ್ಷ ರೂ., ಸಮಗ್ರ ಘಟಕಕ್ಕೆ 25 ಲಕ್ಷ ರೂ. ಎಂದು ಘಟಕ ವೆಚ್ಚ ನಿಗದಿಯಾಯಿತು. ಸಾಮಾನ್ಯ ವರ್ಗಕ್ಕೆ ಶೇ. 40, ಮಹಿಳೆಯರಿಗೂ ಪರಿಶಿಷ್ಟರಿಗೂ ಶೇ. 60ರ ಸಹಾಯಧನ. ಉಳಿದ ಹಣ ಉದ್ದಿಮೆದಾರರದು, ಬಹುಪಾಲು ಬ್ಯಾಂಕಿನ ಸಾಲ. ಅಂಥ ಘಟಕದಲ್ಲಿ ಹೆಚ್ಚು ಬೆಲೆ ತರುವ ಮೀನುಗಳಲ್ಲಿ ಕೋಯಿಯೂ ಒಂದು. ವೈರಾಣುವಿಗೆ ಬೇಗ ತುತ್ತಾಗುವುದೂ ಅದೇ.

ಎರಡು ರೋಗಗಳು

ಕೋಯಿಗೆ ತಗಲುವ ವೈರಾಣು ರೋಗಗಳಲ್ಲಿ ಎರಡನ್ನು ವರ್ತಕರು ಹೆಸರಿನಿಂದ ತಿಳಿದಿರುವುದು ಲೇಸು. ಮೊದಲನೆಯದು ಕೋಯಿ ಹರ್ಪಿಸ್ ವೈರಾಣು. 1998ರಲ್ಲಿ ಇಸ್ರೇಲ್ ಮತ್ತು ಅಮೆರಿಕದಲ್ಲಿ ಇದರ ಹಾವಳಿ ಬೆಳಕಿಗೆ ಬಂತು. 2002ರಲ್ಲಿ ಇಂಡೋನೇಷ್ಯಾಕ್ಕೆ ತಲುಪಿತು. 2003ರಲ್ಲಿ ಜಪಾನಿನ ಕಸುಮಿಗೌರಾ ಸರೋವರದಲ್ಲಿ ಸಾವಿರ ಟನ್‌ಗೂ ಮಿಕ್ಕಿದ ಸಾಕಣೆಯ ಗೆಂಡೆ ಮೀನುಗಳು ಸತ್ತವು. ಕೋಯಿಯ ತವರಿನಲ್ಲೇ ಹೀಗಾದದ್ದು ಇಡೀ ವಹಿವಾಟನ್ನು ಬೆಚ್ಚಿಬೀಳಿಸಿತು. ನೀರಿನ ಉಷ್ಣಾಂಶ ಸುಮಾರು 17ರಿಂದ 28 ಡಿಗ್ರಿ ಸೆಲ್ಸಿಯಸ್ ಇರುವಾಗ ಈ ರೋಗ ಉಲ್ಬಣಿಸುತ್ತದೆ. ಕಿವಿರು ಕೊಳೆತು, ಕಣ್ಣು ಒಳಸೇರಿ, ಚರ್ಮದ ಮೇಲೆ ಬಿಳಿಚಿದ ತೇಪೆಗಳು ಕಾಣಿಸುತ್ತವೆ. ಒಂದು ತೊಟ್ಟಿಯ ನೂರು ಮೀನಿನಲ್ಲಿ ಎಂಬತ್ತೋ ತೊಂಬತ್ತೋ ಹೋಗಬಹುದು.

ಎರಡನೆಯದು ಕಾರ್ಪ್ ಎಡಿಮಾ ವೈರಾಣು. ಮೀನು ತೊಟ್ಟಿಯ ತಳದಲ್ಲಿ ಮಗ್ಗುಲಾಗಿ ಮಲಗಿಬಿಡುವುದರಿಂದ ವಹಿವಾಟಿನಲ್ಲಿ ಇದನ್ನು ನಿದ್ರೆಯ ರೋಗವೆಂದೇ ಕರೆಯುತ್ತಾರೆ. 1970ರ ದಶಕದಲ್ಲಿ ಜಪಾನಿನಲ್ಲಿ ಗುರುತಿಸಲ್ಪಟ್ಟ ಈ ರೋಗ ಭಾರತದ ಸಾಕಣೆಯ ಕೋಯಿಯಲ್ಲಿಯೂ ಇರುವುದನ್ನು ರಾಷ್ಟ್ರೀಯ ಮತ್ಸ್ಯ ಅನುವಂಶಿಕ ಸಂಪನ್ಮೂಲ ಬ್ಯೂರೋದ ವಿಜ್ಞಾನಿಗಳು 2016ರಲ್ಲಿ ಪ್ರಕಟಿಸಿದರು. ಆದುದರಿಂದ ಇದು ಪರದೇಶದ ಸುದ್ದಿಯಲ್ಲ. ನೂರು ಲೀಟರ್ ನೀರಿಗೆ ಅರ್ಧ ಕಿಲೋ ಉಪ್ಪು ಹಾಕಿದರೆ ಸಾವು ಕಡಿಮೆಯಾಗುತ್ತದೆ. ಆದರೆ ಅದು ಮೀನಿಗೆ ತಾಳಿಕೊಳ್ಳುವ ಶಕ್ತಿ ಕೊಡುತ್ತದೆಯೇ ಹೊರತು ವೈರಾಣುವನ್ನು ಕೊಲ್ಲುವುದಿಲ್ಲ. ಎರಡಕ್ಕೂ ನಿಜವಾದ ಔಷಧಿಯಿಲ್ಲ. ಅಂಗಡಿಯಲ್ಲಿ ಸಿಗುವ ಆ್ಯಂಟಿಬಯೋಟಿಕ್‌ಗಳನ್ನು ತೊಟ್ಟಿಗೆ ಸುರಿಯುವುದು ಹಣವನ್ನು ನೀರಿಗೆ ಸುರಿದಂತೆಯೇ.

ಉಷ್ಣಾಂಶದ ಅಂಕಿಗಳನ್ನು ಇನ್ನೊಮ್ಮೆ ನೋಡಬೇಕು. ಮೈಸೂರು ಜಿಲ್ಲೆಯ ಮಳೆಗಾಲ ಮತ್ತು ಚಳಿಗಾಲದ ನೀರು ವೈರಾಣುವಿಗೆ ಹಿತವಾದ ಮಿತಿಯೊಳಗೇ ಬರುತ್ತದೆ. ಕಡುಬೇಸಿಗೆಯಲ್ಲಿ ಖರೀದಿಸಿದ ಮೀನು ಆರೋಗ್ಯವಾಗಿ ಕಂಡು, ಜೂನ್ ಮಳೆಗೆ ನೀರು ತಣ್ಣಗಾದೊಡನೆ ಕಾಯಿಲೆ ತೋರುವ ಸಂಭವ ಉಂಟು.

ಮಾರಿ ಕೈತೊಳೆಯುವ ಆತುರ

ರೋಗ ಹರಡುವುದಕ್ಕೆ ವೈರಾಣುವಿನಷ್ಟೇ ಕಾರಣ ವರ್ತಕರ ಆತುರವೂ ಹೌದು. ಚೆನ್ನೈನ ಕೊಳತ್ತೂರಿನಂಥ ಸಗಟು ಮಾರುಕಟ್ಟೆಯಿಂದ ಆಮ್ಲಜನಕ ತುಂಬಿದ ಚೀಲಗಳಲ್ಲಿ ಮೀನು ಬರುತ್ತದೆ. ಸಂಜೆ ತಲುಪಿದ ಸರಕನ್ನು ಅದೇ ರಾತ್ರಿ ಹಳೆಯ ಮೀನಿನ ತೊಟ್ಟಿಗೆ ಬಿಡಲಾಗುತ್ತದೆ. ಹತ್ತು ದಿನಗಳ ನಂತರ ನಾಲ್ಕು ಮೀನು ಸಾಯುತ್ತವೆ. ಆಗ ಮನಸ್ಸಿಗೆ ಮೊದಲು ತೋಚುವುದು ಉಳಿದವನ್ನು ಬೆಲೆ ತಗ್ಗಿಸಿ ಬೇಗ ಖಾಲಿ ಮಾಡುವುದು. ಲೆಕ್ಕದ ದೃಷ್ಟಿಯಿಂದ ಇದು ಜಾಣತನವೆಂದು ತೋರಿದರೂ, ಬದುಕುಳಿದ ಮೀನು ಆಯುಷ್ಯವಿಡೀ ವೈರಾಣುವನ್ನು ಒಳಗಿಟ್ಟುಕೊಂಡು ಹರಡಬಲ್ಲದು. ಹೀಗೆ ಮಾರಿದ ಹತ್ತು ಮೀನು ಹತ್ತು ಗ್ರಾಹಕರ ಕೊಳಗಳನ್ನು ಹಾಳುಮಾಡುತ್ತವೆ; ಆ ಹತ್ತು ಮಂದಿ ಮರಳಿ ಅದೇ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ. ಚಿಕ್ಕ ಊರಿನ ವ್ಯಾಪಾರದಲ್ಲಿ ಈ ನಷ್ಟವನ್ನು ಯಾವ ಖಾತೆಗೂ ಹಾಕಲಾಗದು.

ಇದರ ಪರಿಣಾಮ ಅಂಗಡಿಯ ಗೋಡೆಯೊಳಗೆ ನಿಲ್ಲುವುದೂ ಇಲ್ಲ. ಕೋಯಿ ಬೇರೆ ಮೀನಲ್ಲ; ನಮ್ಮ ಕೆರೆಗಳಿಗೆ ಬಿತ್ತುವ ಸಾಮಾನ್ಯ ಗೆಂಡೆಯ ಬಣ್ಣದ ಬಂಧು. ಕೋಯಿಗೆ ಬರುವ ಹರ್ಪಿಸ್ ಗೆಂಡೆಗೂ ಬರುತ್ತದೆ. ಹುಣಸೂರಿನಲ್ಲಿ ತೊಟ್ಟಿಯ ನೀರನ್ನು ಚರಂಡಿಗೆ ಬಿಟ್ಟರೆ ಅದು ಲಕ್ಷ್ಮಣತೀರ್ಥದ ಮೂಲಕ ಕೃಷ್ಣರಾಜಸಾಗರದತ್ತ ಹರಿಯುತ್ತದೆ. ಕೋಟೆ ತಾಲ್ಲೂಕಿನಲ್ಲಿ ಕಬಿನಿ ಇದೆ. ಕೆರೆ ಗುತ್ತಿಗೆ ಹಿಡಿದ ಮೀನುಗಾರರ ಸಹಕಾರ ಸಂಘಗಳಿಗೆ ಗೆಂಡೆಯೇ ಅನ್ನ. ಅವರು ಕೋಯಿ ವ್ಯಾಪಾರದ ಲಾಭದಲ್ಲಿ ಪಾಲುದಾರರಲ್ಲ, ಆದರೆ ನಷ್ಟದಲ್ಲಿ ಆಗಬೇಕಾಗಬಹುದು.

ಪ್ರತ್ಯೇಕ ತೊಟ್ಟಿಯ ಲೆಕ್ಕ

ಸರಬರಾಜುದಾರರು ಸಾಮಾನ್ಯವಾಗಿ ನೀಡುವ ಖಾತರಿ ಮೀನು ಜೀವಂತವಾಗಿ ತಲುಪುವವರೆಗೆ ಮಾತ್ರ. ವೈರಾಣುವಾದರೋ ಲಕ್ಷಣ ತೋರಲು ಒಂದೆರಡು ವಾರ ತೆಗೆದುಕೊಳ್ಳುತ್ತದೆ. ಆದ್ದರಿಂದ ಹೊಸ ಸರಕನ್ನು ಬೇರೆ ತೊಟ್ಟಿ, ಬೇರೆ ಬಲೆ, ಬೇರೆ ಬಕೆಟ್ಟಿನೊಡನೆ ಮೂವತ್ತು ದಿನ ಇರಿಸುವುದೊಂದೇ ದಾರಿ. ನೀರಿನ ಉಷ್ಣಾಂಶವನ್ನು 22ರಿಂದ 25 ಡಿಗ್ರಿಯಲ್ಲಿಟ್ಟು, ತಮ್ಮಲ್ಲಿಯ ಎರಡು ಹಳೆಯ ಆರೋಗ್ಯವಂತ ಕೋಯಿಗಳನ್ನು ಅವುಗಳೊಡನೆ ಬಿಟ್ಟು ನೋಡುವುದು ಹಳೆಯ ಹಾಗೂ ಅಗ್ಗದ ಪರೀಕ್ಷೆ. ಆ ಎರಡು ಸತ್ತರೆ ಉಳಿದ ಇನ್ನೂರು ಉಳಿದವು.

ಉದಾಹರಣೆಗೆ, ತಲಾ 150 ರೂ.ಗೆ 200 ಮೀನು ಖರೀದಿಸಿದಾಗ ಬೆಲೆ 30,000 ರೂ. ಪ್ರತ್ಯೇಕವಾಸದ ವಿದ್ಯುತ್, ಆಹಾರ, ಆಳಿನ ಕೂಲಿ ಸೇರಿ 6,000 ರೂ. ಆಯಿತೆಂದು ಭಾವಿಸಿದರೆ, ಒಂದು ಮೀನಿನ ಮೇಲೆ ಬೀಳುವ ಹೆಚ್ಚುವರಿ ವೆಚ್ಚ 30 ರೂ. ಹಳೆಯ ತೊಟ್ಟಿಯಲ್ಲಿ 3 ಲಕ್ಷ ರೂ. ಬೆಲೆಯ ದಾಸ್ತಾನಿದ್ದರೆ ಅದಕ್ಕೆ ಕಟ್ಟುವ ವಿಮಾ ಕಂತಿನಂತೆ ಈ 30 ರೂ.ಯನ್ನು ಮಾರಾಟ ಬೆಲೆಗೆ ಸೇರಿಸಬೇಕು. ‘ಮೂವತ್ತು ದಿನ ಪ್ರತ್ಯೇಕವಾಗಿಟ್ಟ ಮೀನು’ ಎಂದು ಫಲಕ ಹಾಕಿ ಮಾರಿದರೆ ಗ್ರಾಹಕರು ಕೊಡಲು ಹಿಂಜರಿಯಲಾರರು.

ಲೆಕ್ಕಪತ್ರದ ವಿಚಾರದಲ್ಲಿ ಬಹುಪಾಲು ಸಣ್ಣ ವರ್ತಕರು ಸೋಲುವುದು ಸಾವಿನ ದಾಖಲೆಯಲ್ಲಿ. ಬಂದ ದಿನಾಂಕ, ಸರಬರಾಜುದಾರರ ಬಿಲ್ಲಿನ ಸಂಖ್ಯೆ, ತೊಟ್ಟಿಯ ಸಂಖ್ಯೆ, ಪ್ರತಿದಿನ ಸತ್ತ ಮೀನಿನ ಎಣಿಕೆ, ಇವಿಷ್ಟು ಒಂದು ಪುಸ್ತಕದಲ್ಲಿದ್ದರೆ ವರ್ಷಾಂತ್ಯದಲ್ಲಿ ದಾಸ್ತಾನಿನ ನಷ್ಟವನ್ನು ವ್ಯಾಪಾರದ ನಷ್ಟವೆಂದು ಸಮರ್ಥಿಸಬಹುದು. ಜೊತೆಗೆ ಛಾಯಾಚಿತ್ರ ಮತ್ತು ಪ್ರಯೋಗಾಲಯದ ವರದಿಯಿದ್ದರೆ ಇನ್ನೂ ಗಟ್ಟಿ. ಬಿಲ್ಲಿಲ್ಲದೆ ಕೊಂಡ ಸರಕಿಗೆ ಖರೀದಿಯ ಪುರಾವೆಯೇ ಇಲ್ಲ, ಇನ್ನು ನಷ್ಟದ ಪುರಾವೆ ಎಲ್ಲಿಂದ ಬಂದೀತು? ರೋಗದ ಶಂಕೆಯಲ್ಲಿರುವ ಮೀನನ್ನು ಮಾರ್ಚ್ 31ರಂದು ಕೊಂಡ ಬೆಲೆಗೇ ತೋರಿಸಿ, ಬ್ಯಾಂಕಿಗೆ ಕೊಡುವ ದಾಸ್ತಾನು ಪಟ್ಟಿಯನ್ನು ಉಬ್ಬಿಸುವುದೂ ತಪ್ಪು. ವೆಚ್ಚ ಮತ್ತು ನಿವ್ವಳ ಮಾರಾಟ ಮೌಲ್ಯ, ಇವೆರಡರಲ್ಲಿ ಕಡಿಮೆಯಾದದ್ದನ್ನೇ ಬರೆಯಬೇಕು. ಮೀನು ಸತ್ತಿತೆಂದು ಸಾಲದ ಕಂತು ನಿಲ್ಲುವುದಿಲ್ಲವಾದ್ದರಿಂದ, ಎರಡು ಮೂರು ಕಂತಿನಷ್ಟು ನಗದನ್ನು ದಾಸ್ತಾನಿಗೆ ಹಾಕದೆ ಬೇರೆಯಾಗಿರಿಸಿಕೊಂಡವರು ಒಂದು ಹಾವಳಿಯನ್ನು ದಾಟಬಲ್ಲರು.

ಸಾವು ಆರಂಭವಾದ ದಿನವೇ ಮಾರಾಟ ನಿಲ್ಲಿಸಿ, ಆಗತಾನೆ ಸಾಯುತ್ತಿರುವ ಮೀನಿನ ಕಿವಿರಿನ ತುಂಡನ್ನು ಶುದ್ಧ ಆಲ್ಕೊಹಾಲಿನಲ್ಲಿಟ್ಟು ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯ ಮೂಲಕ ಪರೀಕ್ಷೆಗೆ ಕಳುಹಿಸಬೇಕು. ಜಲಚರ ರೋಗಗಳ ರಾಷ್ಟ್ರೀಯ ಕಣ್ಗಾವಲು ಕಾರ್ಯಕ್ರಮ 2013ರಲ್ಲಿ ಆರಂಭವಾಗಿದ್ದು, ರೋಗದ ಸುದ್ದಿಯನ್ನು ನೇರವಾಗಿ ತಿಳಿಸಲು ‘ರಿಪೋರ್ಟ್ ಫಿಶ್ ಡಿಸೀಸ್’ ಎಂಬ ಮೊಬೈಲ್ ಆ್ಯಪ್ 2023ರಲ್ಲಿ ಬಂದಿದೆ. ಸತ್ತ ಮೀನನ್ನು ಸುಣ್ಣ ಹಾಕಿ ನೀರಿನ ಸೆಲೆಯಿಂದ ದೂರದಲ್ಲಿ ಹೂಳತಕ್ಕದ್ದು. ತೊಟ್ಟಿಯ ನೀರಿಗೆ ಬ್ಲೀಚಿಂಗ್ ಪುಡಿ ಬೆರೆಸಿ ಒಂದು ದಿನ ಬಿಟ್ಟು, ಆನಂತರವೇ ಹೊರಬಿಡಬೇಕು. ಅದೂ ತೋಟದ ಒಣನೆಲಕ್ಕೆ, ಕಾಲುವೆಗಲ್ಲ.