ಮನೆ, ಬೀದಿ, ಹಳ್ಳಿಗಳೇ ಪ್ರಯೋಗಾಲಯವಾದಾಗ

ಹೊಸ ಔಷಧವನ್ನೋ ಹೊಸ ಯಂತ್ರವನ್ನೋ ಪರೀಕ್ಷಿಸುವ ಪ್ರಯೋಗಾಲಯದ ಶಕ್ತಿ ಇರುವುದು ಅದು ಹೊರಗಿನ ಪ್ರಪಂಚವನ್ನು ಬಾಗಿಲಾಚೆ ನಿಲ್ಲಿಸುವುದರಲ್ಲಿ. ಉಷ್ಣಾಂಶ, ಬೆಳಕು, ತೇವ ಮೊದಲಾದವನ್ನೆಲ್ಲ ಸ್ಥಿರವಾಗಿರಿಸಿ ಒಂದನ್ನು ಮಾತ್ರ ಬದಲಿಸಿದರೆ ಯಾವುದರಿಂದ ಏನಾಯಿತು ಎಂಬುದು ಸ್ಪಷ್ಟವಾಗುತ್ತದೆ. ಆದರೆ ಮನುಷ್ಯನ ಆರೋಗ್ಯವು ಬಹುಮಟ್ಟಿಗೆ ರೂಪುಗೊಳ್ಳುವುದು ಅಡುಗೆಮನೆಯ ಹೊಗೆ, ಮಲಗುವ ಕೋಣೆಯ ಗಾಳಿ, ಕಚೇರಿಯ ಗದ್ದಲ, ಮನೆಯೆದುರಿನ ವಾಹನದಟ್ಟಣೆ ಇವುಗಳ ನಡುವೆ. ಅಲ್ಲಿ ಯಾವುದೂ ಸ್ಥಿರವಾಗಿ ನಿಲ್ಲುವುದಿಲ್ಲ. 2001ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯ ಪ್ರಕಾರ ಅಮೆರಿಕದ ಜನರು ತಮ್ಮ ಸಮಯದ ಶೇ. 87ರಷ್ಟನ್ನು ಕಟ್ಟಡಗಳ ಒಳಗೇ ಕಳೆಯುತ್ತಿದ್ದರು. ಇಷ್ಟು ಸಮಯ ಕಳೆಯುವ ಜಾಗಗಳು ದೇಹದ ಮೇಲೆ, ಮನಸ್ಸಿನ ಮೇಲೆ ಏನು ಮಾಡುತ್ತವೆ ಎಂಬುದನ್ನು ಆ ಜಾಗಗಳಿಂದ ದೂರ ನಿಂತು ಅರಿಯುವುದು ಕಷ್ಟ. ಈ ಕೊರತೆಯನ್ನು ತುಂಬಲು ಹುಟ್ಟಿದ ವಿಧಾನಕ್ಕೆ ‘ಲಿವಿಂಗ್ ಲ್ಯಾಬ್’ ಎಂದು ಹೆಸರು. ಜನರು ನಿಜವಾಗಿ ಬದುಕುವ ಮನೆ, ಬೀದಿ, ಊರುಗಳನ್ನೇ ಪ್ರಯೋಗದ ನೆಲೆಯಾಗಿ ಆರಿಸಿಕೊಂಡು, ಅಲ್ಲಿನ ನಿವಾಸಿಗಳನ್ನು ಸಹಸಂಶೋಧಕರನ್ನಾಗಿ ಸೇರಿಸಿಕೊಂಡು, ಬದಲಾವಣೆಯೊಂದನ್ನು ಜಾರಿಗೆ ತಂದು, ಅಳೆದು, ತಿದ್ದಿ, ಮತ್ತೆ ಅಳೆಯುವ ಕ್ರಮವದು.

ಈ ಪರಿಕಲ್ಪನೆಯನ್ನು ಸಾಮಾನ್ಯವಾಗಿ ಅಮೆರಿಕದ ಎಂಐಟಿ ಸಂಸ್ಥೆಯ ವಾಸ್ತುಶಿಲ್ಪ ಪ್ರಾಧ್ಯಾಪಕ ವಿಲಿಯಂ ಜೆ. ಮಿಚೆಲ್ ಅವರ ಹೆಸರಿನೊಂದಿಗೆ ಜೋಡಿಸಲಾಗುತ್ತದೆ. ಅದೇ ಸಂಸ್ಥೆಯ ಸಂಶೋಧಕರು 2004ರಲ್ಲಿ ಕೇಂಬ್ರಿಜ್ ನಗರದಲ್ಲಿ ಆರಂಭಿಸಿದ ‘ಪ್ಲೇಸ್‌ಲ್ಯಾಬ್’ ಎಂಬುದು ಒಂದು ಸಾಧಾರಣ ಫ್ಲ್ಯಾಟಿನಂತೆಯೇ ಇತ್ತು. ಆದರೆ ಅದರ ಗೋಡೆ, ಕಪಾಟು, ನಲ್ಲಿಗಳಲ್ಲಿ ನೂರಾರು ಸಂವೇದಕಗಳು, ಅಂದರೆ ಚಲನೆ, ಬೆಳಕು, ಶಾಖಗಳನ್ನು ಗುರುತಿಸುವ ಸೆನ್ಸರ್‌ಗಳು ಅಡಗಿದ್ದವು. ಸ್ವಯಂಸೇವಕರು ಅಲ್ಲಿ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ವಾಸಿಸುತ್ತಿದ್ದರು. ಯುರೋಪಿಗೆ ಬಂದ ಮೇಲೆ ಈ ವಿಧಾನದ ಒತ್ತು ಬದಲಾಯಿತು. ಫಿನ್‌ಲೆಂಡ್ ಐರೋಪ್ಯ ಒಕ್ಕೂಟದ ಅಧ್ಯಕ್ಷತೆ ವಹಿಸಿದ್ದ 2006ರಲ್ಲಿ ಲಿವಿಂಗ್ ಲ್ಯಾಬ್‌ಗಳ ಐರೋಪ್ಯ ಜಾಲವೊಂದು ರೂಪುಗೊಂಡು, ನಿವಾಸಿಗಳನ್ನು ಗಮನಿಸಿದರೆ ಸಾಲದು, ವಿನ್ಯಾಸದಲ್ಲಿಯೇ ಅವರನ್ನು ಪಾಲುದಾರರನ್ನಾಗಿಸಬೇಕು ಎಂಬ ತತ್ತ್ವವನ್ನು ಮುಂದಿಟ್ಟಿತು. ನಾಗರಿಕರು, ವಿಶ್ವವಿದ್ಯಾಲಯ, ಸರ್ಕಾರ, ಉದ್ಯಮ ಈ ನಾಲ್ವರೂ ಒಂದೇ ಮೇಜಿನ ಸುತ್ತ ಕೂರಬೇಕೆಂಬುದು ಆ ಜಾಲ ಮಂಡಿಸಿದ ಮಾದರಿ.

ಒಂದು ಮನೆಯ ಅಳತೆಯಲ್ಲಿ ಈ ವಿಧಾನ ಏನನ್ನು ಕಾಣಿಸಬಲ್ಲದು ಎಂಬುದಕ್ಕೆ ನಾರ್ವೆಯ ಟ್ರೊಂಡ್‌ಹೈಮ್ ನಗರದ ಉದಾಹರಣೆಯಿದೆ. ಅಲ್ಲಿನ ವಿಶ್ವವಿದ್ಯಾಲಯದ ಆವರಣದಲ್ಲಿ ಸುಮಾರು 100 ಚದರ ಮೀಟರ್ ವಿಸ್ತಾರದ, ತನಗೆ ಬೇಕಾದ ಶಕ್ತಿಯನ್ನು ತಾನೇ ಉತ್ಪಾದಿಸುವ ಗುರಿಯುಳ್ಳ ಒಂದು ಮನೆಯನ್ನು ಕಟ್ಟಿ, ಆರು ಗುಂಪುಗಳನ್ನು ಒಂದಾದ ಮೇಲೊಂದರಂತೆ ತಲಾ 25 ದಿನ ಅಲ್ಲಿ ಇರಿಸಲಾಯಿತು. ಅವರಲ್ಲಿ ವಿದ್ಯಾರ್ಥಿಗಳಿದ್ದರು, ಮಕ್ಕಳೊಂದಿಗರಿದ್ದರು, ವಯಸ್ಸಾದ ದಂಪತಿಗಳಿದ್ದರು. ಗೋಡೆ, ಕಿಟಕಿ, ಯಂತ್ರಗಳು ಎಲ್ಲರಿಗೂ ಒಂದೇ ಆಗಿದ್ದರೂ ವಿದ್ಯುತ್ತಿನ ಬಳಕೆ ಗುಂಪಿನಿಂದ ಗುಂಪಿಗೆ ಬೇರೆಯಾಯಿತು. ಎಂಜಿನಿಯರುಗಳು ಕಾಗದದ ಮೇಲೆ ಹಾಕಿದ ಲೆಕ್ಕವನ್ನು ಸ್ನಾನದ ಅಭ್ಯಾಸ, ಊಟದ ವೇಳೆ, ಕಿಟಕಿ ತೆರೆದು ಮಲಗುವ ರೂಢಿ ಇಂಥವು ತಲೆಕೆಳಗು ಮಾಡಬಲ್ಲವು ಎಂಬುದು ಇದರಿಂದ ಹೊರಬಂದ ಪಾಠ.

ಕಚೇರಿಗಳ ವಿಷಯದಲ್ಲಿ ಇಂಥದೇ ಪ್ರಯತ್ನ ಅಮೆರಿಕದ ಮಿನ್ನೆಸೋಟ ರಾಜ್ಯದ ರೋಚೆಸ್ಟರಿನಲ್ಲಿ ನಡೆದಿದೆ. ಮೇಯೋ ಕ್ಲಿನಿಕ್ ಎಂಬ ಆಸ್ಪತ್ರೆ ಮತ್ತು ಡೆಲೋಸ್ ಎಂಬ ಕಂಪನಿ ಸೇರಿ 2015ರಲ್ಲಿ ತೆರೆದ ‘ವೆಲ್ ಲಿವಿಂಗ್ ಲ್ಯಾಬ್’ಗೆ ಆಸ್ಪತ್ರೆಯ ದಾಖಲೆ ವಿಭಾಗದ ಕೆಲವು ನೌಕರರು ತಮ್ಮ ಮೇಜು, ಕಂಪ್ಯೂಟರು, ದಿನನಿತ್ಯದ ಕೆಲಸಗಳ ಸಮೇತ 18 ವಾರಗಳ ಮಟ್ಟಿಗೆ ಸ್ಥಳಾಂತರಗೊಂಡರು. ಅವರು ಎಂದಿನಂತೆ ದುಡಿಯುತ್ತಿರುವಾಗ ಕೋಣೆಯ ಉಷ್ಣಾಂಶ, ಬೆಳಕು, ಶಬ್ದಗಳನ್ನು ಬದಲಾಯಿಸುತ್ತ ಅವರ ಅನುಭವವನ್ನು ದಾಖಲಿಸಲಾಯಿತು. ನೌಕರರನ್ನು ಬಾಧಿಸಿದ ಸಂಗತಿಗಳು ಕಿಟಕಿಯ ಬೆಳಕಿಲ್ಲದಿರುವುದು, ಅಕ್ಕಪಕ್ಕದ ಗದ್ದಲ, ಹೊಂದಿಕೆಯಾಗದ ಉಷ್ಣಾಂಶ ಇವೇ ಆಗಿದ್ದವು.

ಮನೆ, ಕಚೇರಿಗಳಿಗೆ ಬಾಗಿಲಿದೆ, ಒಳಗಿರುವವರು ಒಪ್ಪಿಗೆ ಕೊಟ್ಟು ಬಂದವರು. ಬೀದಿಗೆ ಬಾಗಿಲಿಲ್ಲ. ಆದ್ದರಿಂದ ಲಿವಿಂಗ್ ಲ್ಯಾಬ್‌ನ ನಿಜವಾದ ಸವಾಲು ಶುರುವಾಗುವುದು ಬೀದಿಯಲ್ಲಿ. ಸ್ಪೇನಿನ ಬಾರ್ಸಿಲೋನಾ ನಗರವು 19ನೆಯ ಶತಮಾನದಲ್ಲಿ ಇಲ್ಡೆಫಾನ್ಸ್ ಸೆರ್ದಾ ಹಾಕಿಕೊಟ್ಟ ಚೌಕುಳಿ ನಕ್ಷೆಯಂತೆ ಬೆಳೆದ ಊರು. ಅದರ ಒಂಬತ್ತು ಚೌಕಗಳನ್ನು ಕೂಡಿಸಿ ಒಂದು ‘ಸೂಪರ್‌ಬ್ಲಾಕ್’ ಮಾಡಿ, ಹಾದುಹೋಗುವ ವಾಹನಗಳನ್ನು ಹೊರ ಅಂಚಿನ ರಸ್ತೆಗಳಿಗೆ ತಿರುಗಿಸಿ, ಒಳಬೀದಿಗಳಲ್ಲಿ ವೇಗವನ್ನು ಗಂಟೆಗೆ 10 ಕಿಲೋಮೀಟರಿಗೆ ಮಿತಿಗೊಳಿಸಿ, ಉಳಿದ ಜಾಗವನ್ನು ನಡೆಯುವವರಿಗೂ ಆಡುವ ಮಕ್ಕಳಿಗೂ ಬಿಟ್ಟುಕೊಡುವುದು ನಗರತಜ್ಞ ಸಾಲ್ವಡೋರ್ ರುಯೆಡ ಅವರು ಪ್ರತಿಪಾದಿಸಿದ ಯೋಜನೆ. 2016ರಲ್ಲಿ ಪೊಬ್ಲೆನೋ ಬಡಾವಣೆಯಲ್ಲಿ ಇದನ್ನು ಬಣ್ಣ, ಗಿಡದ ಕುಂಡ, ಹಳೆಯ ಟೈರು ಮುಂತಾದ ಅಗ್ಗದ, ಬೇಕಾದರೆ ತೆಗೆದುಬಿಡಬಹುದಾದ ಸಾಮಗ್ರಿಗಳಿಂದ ಆರಂಭಿಸಲಾಯಿತು. ಹಿಂದಕ್ಕೆ ತೆಗೆದುಕೊಳ್ಳಬಹುದಾದ ಬದಲಾವಣೆಯಿಂದ ಆರಂಭಿಸುವುದು ಈ ವಿಧಾನದ ಮುಖ್ಯ ಲಕ್ಷಣ, ಏಕೆಂದರೆ ಕಾಂಕ್ರೀಟು ಸುರಿದ ಮೇಲೆ ನಿವಾಸಿಗಳ ಆಕ್ಷೇಪಕ್ಕೆ ಬೆಲೆ ಉಳಿಯುವುದಿಲ್ಲ. ಪೊಬ್ಲೆನೋದಲ್ಲಿ ಆಕ್ಷೇಪಗಳು ಧಾರಾಳವಾಗಿಯೇ ಬಂದವು. ವಾಹನ ಸುತ್ತಿಬಳಸಿ ಹೋಗಬೇಕಾಗಿ ಬಂದವರು ಪ್ರತಿಭಟಿಸಿದರು, ವಿನ್ಯಾಸದಲ್ಲಿ ತಿದ್ದುಪಡಿಗಳಾದವು.

ನಗರದ ಸಾರ್ವಜನಿಕ ಆರೋಗ್ಯ ಸಂಸ್ಥೆಯು ಈ ಬೀದಿಗಳಲ್ಲಿ ಗಾಳಿಯನ್ನು ಅಳೆಯುವುದರ ಜೊತೆಗೆ ನಿವಾಸಿಗಳನ್ನು ಸಂದರ್ಶಿಸಿ, ಬೀದಿಯ ಬಳಕೆಯನ್ನು ಗಮನಿಸಿ ವರದಿ ಮಾಡಿತು. ಸೂಪರ್‌ಬ್ಲಾಕ್ ಜಾರಿಗೆ ಬಂದ ಇನ್ನೊಂದು ಬಡಾವಣೆಯಾದ ಸಂತ್ ಆಂತೋನಿಯ ಮಾರುಕಟ್ಟೆಯ ಸುತ್ತ ವಾಹನಗಳ ಹೊಗೆಯಲ್ಲಿರುವ ನೈಟ್ರೋಜನ್ ಡೈಆಕ್ಸೈಡ್ ಶೇ. 25ರಷ್ಟು ಇಳಿದಿತ್ತು. ಪೊಬ್ಲೆನೋದವರು ಗದ್ದಲ ತಗ್ಗಿದೆ, ನಿದ್ದೆ ಸುಧಾರಿಸಿದೆ, ನೆರೆಹೊರೆಯವರೊಂದಿಗೆ ಮಾತುಕತೆ ಹೆಚ್ಚಿದೆ ಎಂದರು. ಬದಲಾವಣೆ ಅಲ್ಪವಾಗಿದ್ದ ಓರ್ತಾ ಬಡಾವಣೆಯಲ್ಲಿ ಅನುಭವದ ವ್ಯತ್ಯಾಸವೂ ಅಲ್ಪವಾಗಿಯೇ ಇತ್ತು. ಲಾಭದ ಜೊತೆಗೆ ಈ ಮಿತಿಯನ್ನೂ ದಾಖಲಿಸಿದ್ದರಿಂದ ಅಳತೆಗೆ ವಿಶ್ವಾಸಾರ್ಹತೆ ಬಂದಿತು.

ಇದಕ್ಕೆ ಎದುರಾದ ಎಚ್ಚರಿಕೆಯ ಪಾಠ ನೆದರ್ಲೆಂಡ್ಸ್‌ನ ಐಂಡ್‌ಹೋವನ್ ನಗರದ್ದು. ಅಲ್ಲಿನ ಪಬ್ಬುಗಳ ಬೀದಿಯಾದ ಸ್ಟ್ರಾಟುಮ್‌ಸೈಂಡ್‌ನಲ್ಲಿ ರಾತ್ರಿಯ ಜಗಳಗಳನ್ನು ತಗ್ಗಿಸಲು ಕ್ಯಾಮೆರಾ, ಶಬ್ದಮಾಪಕಗಳನ್ನು ಅಳವಡಿಸಿ, ದೀಪದ ಬಣ್ಣ, ತೀವ್ರತೆಗಳನ್ನು ಬದಲಿಸಿ ಜನರ ಉದ್ವೇಗವನ್ನು ಶಮನಗೊಳಿಸಬಹುದೇ ಎಂದು ಪರೀಕ್ಷಿಸಲಾಯಿತು. ಉದ್ದೇಶ ಒಳ್ಳೆಯದಾದರೂ ಆ ಬೀದಿಗೆ ಬಂದವರಲ್ಲಿ ಹಲವರಿಗೆ ತಾವು ಪ್ರಯೋಗವೊಂದರ ಭಾಗ ಎಂಬುದೇ ತಿಳಿದಿರಲಿಲ್ಲವೆಂಬ ಟೀಕೆ ಬಂದಿತು. ಜನರಿಗೆ ಅರಿವಿಲ್ಲದೆ ಅವರ ನಡವಳಿಕೆಯನ್ನು ತಿದ್ದಹೊರಟಾಗ ಲಿವಿಂಗ್ ಲ್ಯಾಬ್‌ಗೂ ಕಣ್ಗಾವಲಿಗೂ ನಡುವಿನ ಗೆರೆ ಅಳಿಸಿಹೋಗುತ್ತದೆ.

ಕರ್ನಾಟಕದಲ್ಲಿ ಬೀದಿಯನ್ನೇ ಪ್ರಯೋಗದ ನೆಲೆಯಾಗಿಸಿದ ನಿದರ್ಶನ ಬೆಂಗಳೂರಿನ ಚರ್ಚ್ ಸ್ಟ್ರೀಟ್. 2020ರ ನವೆಂಬರಿನಿಂದ 2021ರ ಫೆಬ್ರವರಿಯವರೆಗೆ ವಾರಾಂತ್ಯಗಳಲ್ಲಿ ಅಲ್ಲಿ ವಾಹನಗಳನ್ನು ನಿಷೇಧಿಸಿ, ರಾಜ್ಯದ ನಗರ ಭೂಸಾರಿಗೆ ನಿರ್ದೇಶನಾಲಯ ಮತ್ತು ಬ್ರಿಟನ್ನಿನ ಒಂದು ಸಂಸ್ಥೆಯ ಸಹಭಾಗಿತ್ವದಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರ ಅಧ್ಯಯನದೊಂದಿಗೆ, ಶುದ್ಧ ಗಾಳಿಯ ಬೀದಿಯೊಂದನ್ನು ಪರೀಕ್ಷಿಸಲಾಯಿತು. ಅವಧಿ ಮುಗಿದ ಮೇಲೆ ವಾಹನಗಳು ಮರಳಿದವು. ಪ್ರಯೋಗದ ತಿಳಿವಳಿಕೆಯನ್ನು ಶಾಶ್ವತ ನಿಯಮವನ್ನಾಗಿ ಪರಿವರ್ತಿಸುವ ಹೊಣೆ ಯಾರದೆಂಬುದು ಮೊದಲೇ ನಿಶ್ಚಯವಾಗದಿದ್ದರೆ ಒಳ್ಳೆಯ ಪ್ರಯೋಗವೂ ನೆನಪಾಗಿಯೇ ಉಳಿಯುತ್ತದೆ.

ಲಿವಿಂಗ್ ಲ್ಯಾಬ್ ಎಂಬ ಹೆಸರು ಬಳಕೆಗೆ ಬರುವ ಬಹಳ ಮೊದಲೇ ಅದರ ತಿರುಳನ್ನು ಆಚರಣೆಗೆ ತಂದ ಊರೊಂದು ತುಮಕೂರು ಜಿಲ್ಲೆಯಲ್ಲಿದೆ. ಪ್ರೊಫೆಸರ್ ಅಮೂಲ್ಯ ಕೆ. ಎನ್. ರೆಡ್ಡಿ ಅವರ ನೇತೃತ್ವದಲ್ಲಿ 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಆರಂಭವಾಗಿ, ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ವಿಸ್ತರಣಾ ನೆಲೆ ತಲೆಯೆತ್ತಿತು. ಹೊಗೆಯನ್ನು ಕೊಳವೆಯ ಮೂಲಕ ಹೊರಕ್ಕೆ ಸಾಗಿಸುವ, ಮೂರು ಪಾತ್ರೆಗಳನ್ನು ಒಟ್ಟಿಗೆ ಇಡಬಹುದಾದ ಅಸ್ತ್ರ ಒಲೆ ಈ ಕೇಂದ್ರದ ಕೊಡುಗೆ. ಸಮೀಪದ ಪುರ ಎಂಬ, ನೂರಕ್ಕಿಂತ ಕಡಿಮೆ ಮನೆಗಳಿದ್ದ ಹಳ್ಳಿಯಲ್ಲಿ ನಡೆದ ಶಕ್ತಿ ಸಮೀಕ್ಷೆಯು ಅಡುಗೆಯ ಉರುವಲೇ ಊರಿನ ಶಕ್ತಿಬಳಕೆಯ ದೊಡ್ಡ ಪಾಲೆಂದು ತೋರಿಸಿದ್ದರಿಂದ, ಸಮುದಾಯ ಗೋಬರ್ ಅನಿಲ ಸ್ಥಾವರವನ್ನು ಕಟ್ಟಿ ಮನೆಮನೆಗೆ ಅಡುಗೆ ಅನಿಲ ಒದಗಿಸುವ ಯೋಜನೆ ಸಿದ್ಧವಾಯಿತು. ಆದರೆ ಸಿಕ್ಕುವ ಸಗಣಿಯಿಂದ ಎಲ್ಲರ ಅಡುಗೆಗೆ ಸಾಕಾಗುವಷ್ಟು ಅನಿಲ ಹುಟ್ಟಲಿಲ್ಲ, ಊರಿನವರ ಉತ್ಸಾಹವೂ ಕುಂದಿತು. ಹಾಗಾದರೆ ಮೊದಲು ಬೇಕಾದುದೇನು ಎಂಬ ಮಾತು ಬಂದಾಗ ಹಳ್ಳಿಯ ಉತ್ತರ ಕುಡಿಯುವ ನೀರು ಎಂದಾಗಿತ್ತು.

ವಿಜ್ಞಾನಿಗಳು ತಮ್ಮ ಪ್ರಶ್ನೆಯನ್ನೇ ಬದಲಾಯಿಸಿಕೊಂಡರು. 1987ರಿಂದ ಅದೇ ಅನಿಲವನ್ನು ಡೀಸೆಲ್ ಎಂಜಿನ್ನಿಗೆ ಉಣಿಸಿ ವಿದ್ಯುತ್ ತಯಾರಿಸಿ, ಕೊಳವೆಬಾವಿಯಿಂದ ನೀರೆತ್ತಿ ನಲ್ಲಿಗಳಿಗೆ ಹರಿಸಿ, ಮನೆಗಳಿಗೆ ದೀಪ ಕೊಡಲಾಯಿತು. ಸಗಣಿ ತಂದುಕೊಟ್ಟವರಿಗೆ ತೂಕಕ್ಕೆ ತಕ್ಕ ಹಣ ಸಂದಿತು, ಅನಿಲ ತೆಗೆದ ಮೇಲೆ ಉಳಿಯುವ ಬಗ್ಗಡ ಗೊಬ್ಬರವಾಗಿ ಅವರಿಗೇ ಹಿಂದಿರುಗಿತು, ಸ್ಥಾವರ ನಡೆಸುವ ಕೆಲಸ ಊರಿನ ಯುವಕರ ಪಾಲಿಗೆ ಬಂದಿತು. ಹೊಗೆಯಿಂದ ಆರಂಭವಾದ ಆರೋಗ್ಯದ ಪ್ರಶ್ನೆ ನೀರಿನ ಕಡೆಗೆ ತಿರುಗಿದ್ದು ಯಾವ ಸಂವೇದಕದ ಅಂಕಿಯಿಂದಲೂ ಅಲ್ಲ. ಯೋಜನೆಯನ್ನು ತಿದ್ದುವ ಅಧಿಕಾರ ಹಳ್ಳಿಗೂ ದಕ್ಕಿದ್ದರಿಂದ.

ಈ ವಿಧಾನಕ್ಕೆ ತನ್ನವೇ ಆದ ಮಿತಿಗಳೂ ಇವೆ. ತಮ್ಮನ್ನು ಗಮನಿಸಲಾಗುತ್ತಿದೆ ಎಂದು ತಿಳಿದ ಕೂಡಲೇ ಜನರ ವರ್ತನೆ ಬದಲಾಗಬಹುದು. 1924ರಿಂದ ಅಮೆರಿಕದ ಹಾಥಾರ್ನ್ ಕಾರ್ಖಾನೆಯಲ್ಲಿ ನಡೆದ ಅಧ್ಯಯನಗಳಿಂದಾಗಿ ಇದಕ್ಕೆ ಹಾಥಾರ್ನ್ ಪರಿಣಾಮವೆಂದೇ ಹೆಸರಾಗಿದೆ. ಭಾಗವಹಿಸುವವರ ಸಂಖ್ಯೆ ಸಾಮಾನ್ಯವಾಗಿ ಚಿಕ್ಕದು, ಹಾಗಾಗಿ ಒಂದು ಊರಿನ ಫಲಿತಾಂಶ ಇನ್ನೊಂದಕ್ಕೆ ಹಾಗೆಯೇ ಅನ್ವಯಿಸುವುದಿಲ್ಲ. ಸ್ವಯಂಪ್ರೇರಿತರಾಗಿ ಮುಂದೆ ಬರುವವರಲ್ಲಿ ಬಿಡುವು ಮತ್ತು ವಿದ್ಯೆ ಉಳ್ಳವರೇ ಹೆಚ್ಚಾಗಿದ್ದರೆ, ದಿನಗೂಲಿಯವರ, ಅಂಗವಿಕಲರ, ಮನೆಯಿಂದ ಹೊರಬರಲಾಗದ ವೃದ್ಧರ ಅನುಭವ ಲೆಕ್ಕದಿಂದ ಹೊರಗೇ ಉಳಿಯುತ್ತದೆ. ಬೀದಿ ಚೆಂದವಾದ ಮೇಲೆ ಬಾಡಿಗೆ ಏರಿ, ಅಲ್ಲಿದ್ದ ಬಡವರೇ ಜಾಗ ಖಾಲಿ ಮಾಡಬೇಕಾಗಿ ಬರುವ ಅಪಾಯವೂ ಇದೆ.

ಸ್ಮಾರ್ಟ್ ಸಿಟಿಯ ಹೆಸರಿನಲ್ಲಿ ಭಾರತದ ನಗರಗಳು ಸಂವೇದಕಗಳನ್ನು ಅಳವಡಿಸುತ್ತಿರುವ ಈ ಕಾಲದಲ್ಲಿ ಯಾವುದೇ ಯೋಜನೆ ತನ್ನನ್ನು ಲಿವಿಂಗ್ ಲ್ಯಾಬ್ ಎಂದು ಕರೆದುಕೊಂಡರೆ ನಾಗರಿಕರು ಅದಕ್ಕೆ ಕೇಳಬಹುದಾದ ಪ್ರಶ್ನೆಗಳು ಸರಳವಾಗಿವೆ: ಸಮಸ್ಯೆ ಯಾವುದೆಂದು ನಿರ್ಧರಿಸಿದವರು ಯಾರು, ಸಂಗ್ರಹವಾದ ಮಾಹಿತಿ ಯಾರ ಕೈಗೆ ಹೋಗುತ್ತದೆ, ಒಲ್ಲೆನೆನ್ನುವ ಅವಕಾಶ ಉಂಟೇ, ಫಲಿತಾಂಶ ಒಳ್ಳೆಯದಾದರೆ ಅದನ್ನು ಮುಂದುವರಿಸುವ ಆಯವ್ಯಯ ಯಾವ ಇಲಾಖೆಯದು? ಇವಕ್ಕೆ ಉತ್ತರವಿಲ್ಲದ ಯೋಜನೆಯಲ್ಲಿ ನಿವಾಸಿ ಬರಿಯ ಪ್ರಯೋಗಪಶು. ಉತ್ತರವಿರುವ ಯೋಜನೆಯಲ್ಲಿ ಅವನೂ ಅವಳೂ ಸಂಶೋಧಕರು, ಮತ್ತು ಅಲ್ಲಿ ದೊರೆತ ತಿಳಿವು ಆ ಬೀದಿಯ ಗಾಳಿಯನ್ನೂ ಆ ಮನೆಯ ನಿದ್ದೆಯನ್ನೂ ಸುಧಾರಿಸುವ ನಿಯಮವಾಗಿ ಬೆಳೆಯುವ ಸಾಧ್ಯತೆ ಹೆಚ್ಚು.