ಹೊರದೇಶದ ಅಳಿಯ, ಯೂರೋಪಿನ ಕಾನೂನು

ಸ್ವಂತ ದೇಶದಲ್ಲಿ ಇಲ್ಲದ ಹಕ್ಕು ಪರದೇಶಕ್ಕೆ ಹೋದರೆ ಸಿಗುತ್ತದೆ ಎಂದರೆ ಯಾರಿಗಾದರೂ ವಿಚಿತ್ರವೆನಿಸುತ್ತದೆ. ಯೂರೋಪಿನಲ್ಲಿ ಮಾತ್ರ ಇದು ದಿನನಿತ್ಯದ ಸಂಗತಿ. ಜರ್ಮನಿಯಲ್ಲೇ ನೆಲೆಸಿರುವ ಜರ್ಮನ್ ಪ್ರಜೆಯೊಬ್ಬ ಬೆಂಗಳೂರಿನ ಹುಡುಗಿಯನ್ನು ಮದುವೆಯಾದನೆನ್ನೋಣ. ಆಕೆ ಗಂಡನ ಮನೆ ಸೇರಬೇಕಾದರೆ ಸಾಮಾನ್ಯವಾಗಿ ಮೊದಲು ಜರ್ಮನ್ ಭಾಷೆಯ ಪ್ರಾಥಮಿಕ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. 2007ರಲ್ಲಿ ಬಂದ ನಿಯಮವಿದು. ಅದೇ ಹುಡುಗಿ ಜರ್ಮನಿಯಲ್ಲಿ ನೌಕರಿ ಮಾಡುತ್ತಿರುವ ಫ್ರೆಂಚ್ ಪ್ರಜೆಯನ್ನು ಮದುವೆಯಾದರೆ ಪರೀಕ್ಷೆಯ ಗೊಡವೆಯಿಲ್ಲ, ವೀಸಾಕ್ಕೆ ಶುಲ್ಕವೂ ಇಲ್ಲ. ಊರು ಅದೇ, ಬೀದಿಯೂ ಅದೇ ಇರಬಹುದು. ವ್ಯತ್ಯಾಸವಿರುವುದು ಗಂಡನ ಪಾಸ್‌ಪೋರ್ಟಿನಲ್ಲಿ ಮಾತ್ರ.

ಮೊದಲನೆಯ ಹುಡುಗಿಗೆ ಅನ್ವಯಿಸುವುದು ಜರ್ಮನಿಯ ಕಾನೂನು. ಎರಡನೆಯವಳಿಗೆ ಅನ್ವಯಿಸುವುದು ಐರೋಪ್ಯ ಒಕ್ಕೂಟದ ಕಾನೂನು. ಒಕ್ಕೂಟದ ಒಂದು ದೇಶದ ಪ್ರಜೆ ಮತ್ತೊಂದು ಸದಸ್ಯ ದೇಶಕ್ಕೆ ಹೋಗಿ ನೆಲೆಸಿದಾಗ ಈ ಎರಡನೆಯ ಕಾನೂನು ಎಚ್ಚರಗೊಳ್ಳುತ್ತದೆ. ಅವನು ತನ್ನ ದೇಶದಲ್ಲೇ ಕುಳಿತಿದ್ದರೆ ಅದು ಸಾಮಾನ್ಯವಾಗಿ ಮಿಸುಕುವುದಿಲ್ಲ. ಹೀಗೇಕಾಯಿತೆಂದು ತಿಳಿಯಲು ಅರ್ಧ ಶತಮಾನಕ್ಕೂ ಹಿಂದೆ ಹೋಗಬೇಕು.

ಕಾರ್ಮಿಕನ ಹಿಂದೆ ಬಂದ ಸಂಸಾರ

1957ರ ರೋಮ್ ಒಪ್ಪಂದಕ್ಕೆ ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸೆಂಬರ್ಗ್ ಎಂಬ ಆರು ದೇಶಗಳು ಸಹಿ ಹಾಕಿದವು. ಉದ್ದೇಶ ವ್ಯಾಪಾರದ್ದು. ಸರಕು, ಬಂಡವಾಳ, ಸೇವೆಗಳ ಜೊತೆಗೆ ದುಡಿಯುವ ಕೈಗಳೂ ಗಡಿ ದಾಟಿ ಓಡಾಡಬೇಕೆಂಬುದು ಆಶಯ. ಒಂದೆಡೆ ದಕ್ಷಿಣ ಇಟಲಿಯಲ್ಲಿ ಕೆಲಸವಿಲ್ಲದ ಯುವಕರು, ಇನ್ನೊಂದೆಡೆ ಜರ್ಮನಿಯ ಕಾರ್ಖಾನೆಗಳಲ್ಲಿ, ಬೆಲ್ಜಿಯಂನ ಕಲ್ಲಿದ್ದಲು ಗಣಿಗಳಲ್ಲಿ ಆಳುಗಳ ಕೊರತೆ. ಆದರೆ ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಎಷ್ಟು ವರ್ಷ ದುಡಿಯಲು ಸಾಧ್ಯ? ಸಂಸಾರಕ್ಕೆ ಜಾಗವಿಲ್ಲದ ಕಡೆಗೆ ಮನುಷ್ಯ ಹೋಗಲಾರ, ಹೋದರೂ ನಿಲ್ಲಲಾರ.

ಆದ್ದರಿಂದ 1968ರಲ್ಲಿ ಹೊರಡಿಸಿದ ನಿಯಮಾವಳಿಯಲ್ಲಿ ಕಾರ್ಮಿಕನ ಕುಟುಂಬಕ್ಕೂ ಅವನ ಜೊತೆ ನೆಲೆಸುವ ಹಕ್ಕು ಕೊಡಲಾಯಿತು. ಗಂಡ ಅಥವಾ ಹೆಂಡತಿ, 21 ವರ್ಷದೊಳಗಿನ ಮಕ್ಕಳು, ಆ ವಯಸ್ಸು ದಾಟಿದರೂ ಆಶ್ರಯದಲ್ಲಿರುವ ಮಕ್ಕಳು, ಆಶ್ರಿತ ತಂದೆತಾಯಿ, ಅಷ್ಟೇ ಏಕೆ, ಆಶ್ರಿತರಾದ ಅತ್ತೆ ಮಾವಂದಿರೂ ಈ ಪಟ್ಟಿಯಲ್ಲಿದ್ದರು. ಅಣ್ಣತಮ್ಮಂದಿರು, ಅಕ್ಕತಂಗಿಯರು ಇರಲಿಲ್ಲ. ಇವರೆಲ್ಲ 'ಯಾವ ದೇಶದ ಪ್ರಜೆಗಳಾಗಿದ್ದರೂ ಸರಿ' ಎಂಬ ಅರ್ಥದ ಮಾತೊಂದು ಆ ನಿಯಮದಲ್ಲಿ ಸೇರಿತ್ತು. ಮುಂದೆ ಭಾರತ, ಸೆನೆಗಲ್, ಫಿಲಿಪ್ಪೀನ್ಸ್, ಕ್ಯಾಮರೂನ್‌ಗಳ ಗಂಡ ಹೆಂಡಿರು ಯೂರೋಪಿನ ಬಾಗಿಲು ತಟ್ಟಿದ್ದು ಈ ಮಾತಿನ ಬಲದಿಂದಲೇ.

ಆದರೆ ಇದರಲ್ಲಿ ಎರಡು ಗಂಟುಗಳಿದ್ದವು. ಮೊದಲನೆಯದು, ಹಕ್ಕು ಮೂಲತಃ ದುಡಿಯಲು ಹೋದವನದು. ಅವನ ಸಂಗಾತಿಯ ಹಕ್ಕು ಅದರಿಂದ ಹುಟ್ಟಿದ್ದು. ಮರಕ್ಕೆ ಹಬ್ಬಿದ ಬಳ್ಳಿಯಂತೆ. ಎರಡನೆಯದು, ಗಡಿ ದಾಟದವನಿಗೆ ಇದರಿಂದ ಪ್ರಯೋಜನವಿಲ್ಲ.

ಎರಡನೆಯ ಗಂಟಿನ ಬಿಗಿ ಮೊದಲು ತಿಳಿದದ್ದು ಸುರಿನಾಂ ದೇಶದ ಇಬ್ಬರು ತಾಯಂದಿರಿಗೆ. ಅವರ ಮಕ್ಕಳು ನೆದರ್ಲೆಂಡ್ಸಿನ ಪ್ರಜೆಗಳು, ಅಲ್ಲೇ ನೌಕರಿಯಲ್ಲಿದ್ದವರು. ಮಕ್ಕಳ ಜೊತೆ ಇರಲು ಬಿಡಿ ಎಂದು ತಾಯಂದಿರು ಕೇಳಿದರು. ಮಕ್ಕಳು ಒಮ್ಮೆಯೂ ಬೇರೆ ಸದಸ್ಯ ದೇಶಕ್ಕೆ ಹೋಗಿ ದುಡಿದವರಲ್ಲ, ಆದ್ದರಿಂದ ಈ ಕಾನೂನು ಇಲ್ಲಿ ಅನ್ವಯಿಸದು ಎಂದು ಲಕ್ಸೆಂಬರ್ಗಿನಲ್ಲಿರುವ ಐರೋಪ್ಯ ನ್ಯಾಯಾಲಯ 1982ರ ಅಕ್ಟೋಬರ್ 27ರಂದು ಹೇಳಿಬಿಟ್ಟಿತು. ಆ ಮಕ್ಕಳು ಗಡಿಯಾಚೆಯ ಜರ್ಮನಿಯಲ್ಲಿ ನೌಕರಿ ಹಿಡಿದಿದ್ದರೆ ಆಶ್ರಿತರಾದ ತಾಯಂದಿರನ್ನು ಅಲ್ಲಿಗೆ ಕರೆಸಿಕೊಳ್ಳಬಹುದಿತ್ತು.

ಸುರೀಂದರ್ ಸಿಂಗ್ ತೆರೆದ ದಾರಿ

ಆ ತೀರ್ಪು ಬಂದ ಎರಡೇ ದಿನಕ್ಕೆ ಇಂಗ್ಲೆಂಡಿನ ಬ್ರಾಡ್‌ಫರ್ಡ್ ನಗರದಲ್ಲಿ ಒಂದು ಮದುವೆ ನಡೆಯಿತು. ವರ ಭಾರತದ ಪ್ರಜೆ ಸುರೀಂದರ್ ಸಿಂಗ್, ವಧು ಬ್ರಿಟಿಷ್ ಪ್ರಜೆ. 1983ರಿಂದ 1985ರವರೆಗೆ ದಂಪತಿ ಜರ್ಮನಿಯಲ್ಲಿ ನೌಕರಿ ಮಾಡಿದರು. 1985ರ ಕೊನೆಗೆ ಸ್ವಂತ ವ್ಯಾಪಾರ ಮಾಡಲೆಂದು ಬ್ರಿಟನ್ನಿಗೆ ಮರಳಿದರು. ಗಂಡನೆಂಬ ನೆಲೆಯಲ್ಲಿ ಸಿಂಗ್‌ಗೆ ಸೀಮಿತ ಅವಧಿಯ ಪರವಾನಗಿ ಸಿಕ್ಕಿತು. 1987ರಲ್ಲಿ ಸಂಸಾರ ಮುರಿದು ವಿಚ್ಛೇದನದ ಮಧ್ಯಂತರ ಆದೇಶವಾದಾಗ ಸರಕಾರ ಆ ಪರವಾನಗಿಯನ್ನು ಮೊಟಕುಗೊಳಿಸಿತು. ಮುಂದೆ ಗಡೀಪಾರಿಗೂ ಹೊರಟಿತು.

ಪ್ರಕರಣ ಲಕ್ಸೆಂಬರ್ಗ್ ತಲುಪಿದಾಗ ಬ್ರಿಟಿಷ್ ಸರಕಾರದ ವಾದ ಸರಳವಾಗಿತ್ತು: ಹೆಂಡತಿ ಬ್ರಿಟಿಷ್ ಪ್ರಜೆ, ತನ್ನ ದೇಶಕ್ಕೆ ತಾನು ಮರಳಿದ್ದು ತನ್ನ ದೇಶದ ಕಾನೂನಿನ ಪ್ರಕಾರ, ಇದರಲ್ಲಿ ಯೂರೋಪಿಗೇನು ಕೆಲಸ? ನ್ಯಾಯಾಲಯ ಬೇರೆ ರೀತಿ ಯೋಚಿಸಿತು. ಹೊರಗೆ ಹೋಗಿ ದುಡಿದವಳು ಮರಳಿ ಬರುವಾಗ ಗಂಡನನ್ನು ಕರೆತರಲಾರಳೆಂದರೆ ಅವಳು ಹೊರಡುವಾಗಲೇ ಹಿಂಜರಿಯುವಳು. ಹೋಗುವ ಸ್ವಾತಂತ್ರ್ಯಕ್ಕೆ ಅರ್ಥ ಬರಬೇಕಾದರೆ ಮರಳುವಾಗಲೂ ಬೇರೊಂದು ಸದಸ್ಯ ದೇಶದಲ್ಲಿ ಸಿಗುವಷ್ಟಾದರೂ ಹಕ್ಕು ಇರಬೇಕು. 1992ರ ಜುಲೈ 7ರ ಈ ತೀರ್ಪು ವಿಚ್ಛೇದನ ಅಂತಿಮವಾಗುವುದಕ್ಕೆ, ಅಂದರೆ 1989ಕ್ಕೆ, ಹಿಂದಿನ ಅವಧಿಗೆ ಸಂಬಂಧಿಸಿದ್ದು. ಸಿಂಗರ ದಾಂಪತ್ಯ ಉಳಿಯಲಿಲ್ಲ. ಹೆಸರು ಮಾತ್ರ ಉಳಿದು, ಯೂರೋಪಿನ ವಲಸೆ ವಕೀಲರ ಬಾಯಲ್ಲಿ 'ಸುರೀಂದರ್ ಸಿಂಗ್ ಮಾರ್ಗ'ವಾಯಿತು.

ಈ ಮಾರ್ಗದಲ್ಲಿ ಜನ ನಿಜವಾಗಿಯೂ ನಡೆದರು. ಹೊರದೇಶದ ಸಂಗಾತಿಯನ್ನು ಕರೆಸಿಕೊಳ್ಳುವವನಿಗೆ ವರ್ಷಕ್ಕೆ ಕನಿಷ್ಠ 18,600 ಪೌಂಡ್ ಆದಾಯವಿರಬೇಕೆಂದು ಬ್ರಿಟನ್ 2012ರಲ್ಲಿ ನಿಯಮ ಮಾಡಿತು. ಅಷ್ಟು ಸಂಪಾದನೆಯಿಲ್ಲದ ಬ್ರಿಟಿಷರು ಐರ್ಲೆಂಡಿಗೋ ಮತ್ತೊಂದು ದೇಶಕ್ಕೋ ಹೋಗಿ, ಅಲ್ಲಿ ಸಂಗಾತಿಯೊಡನೆ ಕೆಲಕಾಲ ದುಡಿದು ಬದುಕಿ, ಒಟ್ಟಿಗೆ ತವರಿಗೆ ಮರಳತೊಡಗಿದರು. ಡೆನ್ಮಾರ್ಕಿನದು ಇನ್ನೊಂದು ಬಗೆ. ವಿದೇಶಿ ಸಂಗಾತಿಯನ್ನು ಕರೆಸಬೇಕಾದರೆ ಇಬ್ಬರಿಗೂ 24 ವರ್ಷ ತುಂಬಿರಬೇಕೆಂದು ಆ ದೇಶ 2002ರಲ್ಲಿ ಕಾನೂನು ತಂದಿತು. 2000ದಲ್ಲಷ್ಟೇ ಕೋಪನ್‌ಹೇಗನ್ ಮತ್ತು ಸ್ವೀಡನ್ನಿನ ಮಾಲ್ಮೋ ನಡುವೆ ಸಮುದ್ರದ ಮೇಲೆ ಸೇತುವೆಯಾಗಿತ್ತು. ಡೇನಿಷ್ ಯುವಕರು ಮಾಲ್ಮೋದಲ್ಲಿ ಮನೆ ಹಿಡಿದು, ಸೇತುವೆ ದಾಟಿ ಕೋಪನ್‌ಹೇಗನ್ನಿಗೆ ಕೆಲಸಕ್ಕೆ ಹೋಗಿ ಬರತೊಡಗಿದರು.

ಇದೆಲ್ಲ ಕಾನೂನಿಗೆ ಮಣ್ಣೆರಚುವ ಉಪಾಯವಲ್ಲವೇ ಎಂದು ಸರಕಾರಗಳು ಕೇಳಿದವು. ಹಕ್ಕನ್ನು ಬಳಸುವುದು ಬೇರೆ, ದುರುಪಯೋಗ ಬೇರೆ ಎಂಬುದು ನ್ಯಾಯಾಲಯದ ನಿಲುವು. ವಾರದ ಕೊನೆಯಲ್ಲಿ ಹೋಗಿ ಬಂದದ್ದು ಲೆಕ್ಕಕ್ಕಿಲ್ಲ, ಹೊರಗೆ ಕನಿಷ್ಠ ಮೂರು ತಿಂಗಳಾದರೂ ನಿಜವಾಗಿ ಸಂಸಾರ ಮಾಡಿರಬೇಕು ಎಂದು 2014ರಲ್ಲಿ ಅದು ಅಳತೆಗೋಲು ಕೊಟ್ಟಿತು. ಕಾಗದದ ಮದುವೆಯೆಂದು ರುಜುವಾತಾದರೆ ಹಕ್ಕನ್ನು ಕಿತ್ತುಕೊಳ್ಳಲು ಸರಕಾರಗಳಿಗೆ ಅಧಿಕಾರವಿದ್ದೇ ಇದೆ.

ಈಗಿನ ಕಾನೂನು

ಚದುರಿಹೋಗಿದ್ದ ನಿಯಮಗಳನ್ನೆಲ್ಲ ಒಂದೆಡೆ ಕಟ್ಟಿದ್ದು 2004ರ ನಿರ್ದೇಶನ. ಅಷ್ಟರಲ್ಲಿ ಮಾಸ್ಟ್ರಿಕ್ಟ್ ಒಪ್ಪಂದದ ಮೂಲಕ 'ಒಕ್ಕೂಟದ ಪೌರತ್ವ' ಎಂಬ ಕಲ್ಪನೆ ಬಂದಿತ್ತು. ಹಕ್ಕು ಕಾರ್ಮಿಕರಿಗಷ್ಟೇ ಮೀಸಲಾಗಿ ಉಳಿದಿರಲಿಲ್ಲ. ಮೊದಲ ಮೂರು ತಿಂಗಳು ಪಾಸ್‌ಪೋರ್ಟ್ ಇದ್ದರೆ ಸಾಕು. ಆಮೇಲೆ ಪ್ರಜೆಯಾದವನು ನೌಕರಿಯನ್ನೋ ಸ್ವಂತ ಉದ್ಯೋಗವನ್ನೋ ಮಾಡುತ್ತಿರಬೇಕು. ಇಲ್ಲವೇ ಆ ದೇಶದ ಬೊಕ್ಕಸಕ್ಕೆ ಹೊರೆಯಾಗದಷ್ಟು ಹಣವೂ ಆರೋಗ್ಯ ವಿಮೆಯೂ ಇರಬೇಕು. ಹೊರದೇಶದ ಸಂಗಾತಿ ಅರ್ಜಿ ಹಾಕಿದ ಆರು ತಿಂಗಳೊಳಗೆ ವಾಸದ ಕಾರ್ಡು ಕೊಡಬೇಕು. ಕೆಲಸ ಮಾಡಲು ಅಡ್ಡಿಯಿಲ್ಲ. ಸತತ ಐದು ವರ್ಷ ಕಳೆದರೆ ಕಾಯಂ ವಾಸದ ಹಕ್ಕು.

ಸಂಗಾತಿ ಯೂರೋಪಿಗೆ ಬಂದದ್ದು ಯಾವ ದಾರಿಯಲ್ಲಿ ಎಂಬ ಜಗಳವೂ ಇತ್ತು. ಮೊದಲೇ ಒಂದು ಸದಸ್ಯ ದೇಶದಲ್ಲಿ ಕಾನೂನುಬದ್ಧವಾಗಿ ಇದ್ದವರಿಗೆ ಮಾತ್ರ ಈ ಹಕ್ಕು ಎಂದು 2003ರಲ್ಲಿ ಹೇಳಿದ್ದ ನ್ಯಾಯಾಲಯ, 2008ರಲ್ಲಿ ಐರ್ಲೆಂಡಿನ ಪ್ರಕರಣವೊಂದರಲ್ಲಿ ತನ್ನ ಮಾತನ್ನು ತಾನೇ ಹಿಂದಕ್ಕೆ ಪಡೆಯಿತು. ಮದುವೆ ಎಲ್ಲಿ ಆಯಿತು, ಯಾವಾಗ ಆಯಿತು, ಸಂಗಾತಿ ಹೇಗೆ ಬಂದ ಎಂಬುದು ಮುಖ್ಯವಲ್ಲ ಎಂದಿತು. ಗಡಿ ದಾಟದವರಿಗೂ ಒಂದು ಕಿಟಕಿ 2011ರಲ್ಲಿ ತೆರೆಯಿತು. ಬೆಲ್ಜಿಯಂನಲ್ಲಿ ಹುಟ್ಟಿ ಅಲ್ಲಿಯ ಪ್ರಜೆಗಳಾಗಿದ್ದ ಮಕ್ಕಳ ಕೊಲಂಬಿಯಾದ ತಂದೆತಾಯಿಯನ್ನು ಹೊರಗಟ್ಟಿದರೆ ಮಕ್ಕಳೂ ಹೊರಡಬೇಕಾಗುತ್ತದೆ, ಆಗ ಅವರ ಪೌರತ್ವಕ್ಕೆ ಅರ್ಥವೇ ಉಳಿಯದು ಎಂಬುದು ಅಲ್ಲಿಯ ತರ್ಕ.

ಮರ ಹೋದ ಮೇಲೆ ಬಳ್ಳಿ

ದಾಂಪತ್ಯ ಮುರಿದಾಗಲೇ ಮೊದಲನೆಯ ಗಂಟು ಬಿಗಿಯುವುದು. ಬರ್ಲಿನ್ನಿನಲ್ಲಿ ಫ್ರೆಂಚ್ ಗಂಡನಿಂದ ಬೇರೆಯಾಗಿ ವಾಸಿಸುತ್ತಿದ್ದ ಸೆನೆಗಲ್‌ನ ಮಹಿಳೆಯ ವಿಷಯದಲ್ಲಿ, ಒಂದೇ ಸೂರಿನಡಿ ಇಲ್ಲದಿದ್ದರೂ ವಿಚ್ಛೇದನವಾಗುವವರೆಗೆ ಆಕೆ ಹೆಂಡತಿಯೇ ಎಂದು 1985ರಲ್ಲೇ ತೀರ್ಪಾಗಿತ್ತು. 2004ರ ನಿರ್ದೇಶನ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ವಿಚ್ಛೇದನದ ಪ್ರಕ್ರಿಯೆ ಆರಂಭವಾಗುವ ವೇಳೆಗೆ ಮದುವೆಯಾಗಿ ಮೂರು ವರ್ಷ, ಅದರಲ್ಲಿ ಒಂದು ವರ್ಷ ಆ ದೇಶದಲ್ಲೇ ಕಳೆದಿದ್ದರೆ ಸಂಗಾತಿಯ ಹಕ್ಕು ಉಳಿಯುತ್ತದೆ. ಮಕ್ಕಳ ಪಾಲನೆಯ ಹೊಣೆ ಇದ್ದರೆ, ಹಿಂಸೆಗೆ ಗುರಿಯಾಗಿದ್ದರೆ ಅದಕ್ಕೂ ರಕ್ಷಣೆಯಿದೆ.

ಆದರೂ ಇದು ಎಷ್ಟು ತೆಳುವಾದ ಎಳೆಯೆಂದು ತೋರಿಸಿದ್ದು ಇನ್ನೊಬ್ಬ ಸಿಂಗ್ ಪ್ರಕರಣ. ಐರ್ಲೆಂಡಿನಲ್ಲಿದ್ದ ಈ ಭಾರತೀಯ 2005ರಲ್ಲಿ ಲಾಟ್ವಿಯಾ ದೇಶದ ಹುಡುಗಿಯನ್ನು ಮದುವೆಯಾಗಿದ್ದರು. 2007ರಲ್ಲಿ ಮಗನೂ ಹುಟ್ಟಿದ್ದ. ಮೂರು ವರ್ಷದ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಹೆಂಡತಿ ಮೊದಲು ಐರ್ಲೆಂಡ್ ಬಿಟ್ಟು ಹೋಗಿ, ಆಮೇಲೆ ತವರಿನಲ್ಲಿ ವಿಚ್ಛೇದನದ ಅರ್ಜಿ ಹಾಕಿದ್ದರು. ಆಕೆ ಹೊರಟ ದಿನವೇ ಗಂಡನ ಹಕ್ಕು ಮುಗಿಯಿತು, ಮುಗಿದದ್ದು ಆಮೇಲಿನ ಅರ್ಜಿಯಿಂದ ಮತ್ತೆ ಚಿಗುರದು ಎಂದು 2015ರಲ್ಲಿ ನ್ಯಾಯಾಲಯ ಹೇಳಿತು. ಅರ್ಜಿ ಮೊದಲಾಗಿ ಪ್ರಯಾಣ ಆಮೇಲಾಗಿದ್ದರೆ ಕಥೆಯೇ ಬೇರೆಯಾಗುತ್ತಿತ್ತು. ಹಿಂಸೆಗೆ ಗುರಿಯಾದವರ ವಿಷಯದಲ್ಲಿ ಮಾತ್ರ ಈ ಕಟ್ಟುನಿಟ್ಟನ್ನು 2021ರಲ್ಲಿ ಸಡಿಲಿಸಲಾಯಿತು. ಸಂಗಾತಿ ದೇಶ ಬಿಟ್ಟ ಮೇಲೂ ತಕ್ಕ ಸಮಯದೊಳಗೆ ವಿಚ್ಛೇದನದ ಮೊರೆ ಹೋದರೆ ಅವರ ಹಕ್ಕು ಉಳಿಯಬಹುದು.

ನಮ್ಮವರಿಗೆ ಸಂಬಂಧಿಸಿದ್ದು

ನೆರೆಯ ಗೋವಾದಲ್ಲಿ ಈ ಕಾನೂನಿನ ಬಿಸಿ ಮತ್ತು ತಂಪು ಎರಡೂ ಗೊತ್ತು. 1961ರ ಡಿಸೆಂಬರ್ 19ಕ್ಕೆ ಮೊದಲು ಹುಟ್ಟಿದ ಗೋವನ್ನರು, ಮುಂದೆ ಅವರ ಮಕ್ಕಳು, ಪೋರ್ಚುಗಲ್ಲಿನಲ್ಲಿ ಜನನ ನೋಂದಣಿ ಮಾಡಿಸಿ ಅಲ್ಲಿಯ ಪ್ರಜೆಗಳಾಗುವ ಅವಕಾಶವಿದೆ. ಹಾಗೆ ಐರೋಪ್ಯ ಪ್ರಜೆಗಳಾದವರಲ್ಲಿ ಬಹಳ ಮಂದಿ ಇಂಗ್ಲೆಂಡಿನ ಸ್ವಿಂಡನ್, ಸೌತಾಲ್‌ಗಳಿಗೆ ಹೋಗಿ ನೆಲೆಸಿದರು. ಭಾರತದ ಪಾಸ್‌ಪೋರ್ಟನ್ನೇ ಉಳಿಸಿಕೊಂಡ ಗಂಡನೋ ಹೆಂಡತಿಯೋ ಈ ಕುಟುಂಬದ ಹಕ್ಕಿನಿಂದಲೇ ಜೊತೆಗೂಡಿದ್ದು. ಬ್ರಿಟನ್ ಒಕ್ಕೂಟದಿಂದ ಹೊರಬಿದ್ದು, 2020ರ ಡಿಸೆಂಬರ್ 31ಕ್ಕೆ ಪರಿವರ್ತನೆಯ ಅವಧಿಯೂ ಮುಗಿಯಿತು. ಅದಕ್ಕೆ ಮೊದಲೇ ನೆಲೆಸಿದವರ ಹಕ್ಕನ್ನು ಒಪ್ಪಂದದಲ್ಲಿ ಕಾಪಾಡಲಾಗಿದೆ. ಆಮೇಲೆ ಬ್ರಿಟನ್ನಿಗೆ ಹೋಗುವವರಿಗೆ ಆ ದೇಶದ ಸ್ವಂತ ನಿಯಮವೇ ಗತಿ. ಅಲ್ಲಿಯ ಆದಾಯದ ಮಿತಿಯನ್ನು 2024ರ ಏಪ್ರಿಲ್‌ನಲ್ಲಿ 29,000 ಪೌಂಡಿಗೆ ಏರಿಸಲಾಯಿತು.

ಕನ್ನಡನಾಡಿನಿಂದ ಯೂರೋಪಿಗೆ ಹೋದ ಎಂಜಿನಿಯರುಗಳ ಮನೆಯವರು ಒಂದು ಮಾತು ನೆನಪಿಡಬೇಕು. ಭಾರತದ ಪಾಸ್‌ಪೋರ್ಟಿನಲ್ಲೇ ಮ್ಯೂನಿಕ್‌ನಲ್ಲಿ ದುಡಿಯುತ್ತಿರುವ ಮಗನಿಗೆ ಈ ಕಾನೂನು ಅನ್ವಯಿಸುವುದಿಲ್ಲ. ಅವನ ಹೆಂಡತಿಗೆ ಬೇರೆಯ ನಿಯಮಗಳಿವೆ. ಅವನು ಮುಂದೆ ಜರ್ಮನ್ ಪ್ರಜೆಯಾಗಿ ಅಲ್ಲೇ ಉಳಿದರೂ ಅನ್ವಯಿಸದು. ಪ್ರಜೆಯಾದ ಮೇಲೆ ನೆದರ್ಲೆಂಡ್ಸಿಗೆ ನೌಕರಿ ಬದಲಿಸಿದನೆನ್ನಿ, ಆಗ ಅನ್ವಯಿಸುತ್ತದೆ. ಹೆಂಡತಿಯಷ್ಟೇ ಅಲ್ಲ, ಮೈಸೂರಿನಲ್ಲಿರುವ ವೃದ್ಧ ತಂದೆತಾಯಿಯೂ ಅವನ ಆಶ್ರಿತರೆಂದು ತೋರಿಸಿ ಜೊತೆಗೆ ನೆಲೆಸಲು ಕೇಳಬಹುದು. ಆದರೆ ಮಗನ ನೆರವಿಲ್ಲದೆ ತಮ್ಮ ಊರಿನಲ್ಲಿ ಜೀವನ ಸಾಗದು ಎಂಬುದನ್ನು ದಾಖಲೆಗಳಿಂದ ತೋರಿಸಬೇಕೆಂದು 2007ರ ತೀರ್ಪೊಂದು ಹೇಳುತ್ತದೆ. ಸ್ವಂತ ಪಿಂಚಣಿಯಲ್ಲಿ ನೆಮ್ಮದಿಯಾಗಿರುವ ತಂದೆಗೆ ಇದು ಕಷ್ಟ. ಅವನಿಗೆ ಬೇಕಾದದ್ದು ಮಗನ ಹಣವಲ್ಲ, ಮಗನ ಜೊತೆ. ಕಾನೂನಿನ 'ಆಶ್ರಯ'ದಲ್ಲಿ ಅದಕ್ಕೆ ಬೆಲೆ ಕಟ್ಟುವ ಬಗೆ ಇಲ್ಲ.

ಕುಟುಂಬ ಒಟ್ಟಾಗಿರಬೇಕೆಂಬ ಆಸೆ ಗಡಿ ದಾಟಿದವನಿಗೂ ದಾಟದವನಿಗೂ ಒಂದೇ. ಆದರೆ ಯೂರೋಪಿನ ಕಾನೂನು ಹುಟ್ಟಿದ್ದು ಮಾರುಕಟ್ಟೆಯಲ್ಲಿ, ಚಲಿಸುವ ಕಾರ್ಮಿಕನಿಗಾಗಿ. ಆ ಜನ್ಮಗುಣ ಇಂದಿಗೂ ಪೂರ್ತಿ ಬಿಟ್ಟುಹೋಗಿಲ್ಲ. ಯೂರೋಪಿನ ಸಂಬಂಧ ಬಂದಾಗ ನಮ್ಮ ಹಿರಿಯರು ಹುಡುಗನ ಸಂಬಳ, ಓದು, ನಡತೆ ವಿಚಾರಿಸುತ್ತಾರೆ. ಅವನ ಪಾಸ್‌ಪೋರ್ಟ್ ಯಾವ ದೇಶದ್ದು, ಅವನು ನೆಲೆಸಿರುವುದು ಯಾವ ದೇಶದಲ್ಲಿ ಎಂಬ ಎರಡು ಪ್ರಶ್ನೆಗಳನ್ನೂ ಅದರ ಜೊತೆಗೆ ಕೇಳಿದರೆ ತಪ್ಪಿಲ್ಲ. ಹೆಣ್ಣುಮಗಳು ಅಲ್ಲಿ ಯಾವ ನೆಲದ ಮೇಲೆ ನಿಂತಿರುತ್ತಾಳೆಂಬುದು ಅವುಗಳಿಂದಲೇ ತಿಳಿಯುತ್ತದೆ.